ಬೇಟ್‌ಕಾಸ್ಟಿಂಗ್ ರೀಲ್: ಪರೀಕ್ಷೆ ಮತ್ತು ಹೊಂದಾಣಿಕೆ

ಬಾಸ್ ಮೀನು ಹಿಡಿಯುವವರು ಹುಸಿ ಎರೆಯನ್ನು ಗುರಿಯಿಟ್ಟು ಎಸೆಯಲು ಬಳಸುವ ಗಾಳದ ರಾಟೆ. ಕೋಲಿನ ಮೇಲ್ಬದಿಯಲ್ಲಿ ಕೂರುವ ಈ ಸಾಧನದಲ್ಲಿ ದಾರ ಸುತ್ತಿದ ಸ್ಪೂಲ್ ಕೋಲಿಗೆ ಅಡ್ಡಲಾಗಿರುತ್ತದೆ. ಎಸೆದಾಗ ಎರೆ ದಾರವನ್ನು ಎಳೆಯುತ್ತದೆ, ದಾರ ಸ್ಪೂಲನ್ನು ತಿರುಗಿಸುತ್ತದೆ. ಸ್ಪಿನ್ನಿಂಗ್ ರೀಲಿನಲ್ಲಾದರೆ ಎಸೆಯುವಾಗ ಸ್ಪೂಲ್ ತಿರುಗುವುದಿಲ್ಲ; ದಾರ ಅದರ ಅಂಚಿನಿಂದ ಜಾರಿ ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನ ಗುಣವೂ ಕಾಟವೂ ಈ ಒಂದು ವ್ಯತ್ಯಾಸದಿಂದಲೇ ಬಂದಿವೆ. ಹೆಬ್ಬೆರಳು ಸ್ಪೂಲಿನ ಮೇಲೇ ಇರುವುದರಿಂದ ಎರೆಯನ್ನು ಬೇಕಾದ ಜಾಗದಲ್ಲಿ ಬೀಳಿಸಬಹುದು. ಬೆರಳು ಮೈಮರೆತರೆ ಸ್ಪೂಲಿನ ತುಂಬ ಸಿಕ್ಕು.

ಈ ಸಿಕ್ಕಿಗೆ ಬ್ಯಾಕ್‌ಲ್ಯಾಶ್ ಎಂದು ಹೆಸರು. ಅಮೆರಿಕದ ಗಾಳಗಾರರು ಹಕ್ಕಿಗೂಡು ಎಂದೂ ಗೇಲಿ ಮಾಡುತ್ತಾರೆ. ರೀಲಿನ ಎರಡು ಶತಮಾನದ ಇತಿಹಾಸ ಬಹುಮಟ್ಟಿಗೆ ಇದರ ವಿರುದ್ಧ ನಡೆದ ಹೋರಾಟವೇ.

ಗಡಿಯಾರದವರ ಕೂಸು

ಹಲ್ಲುಚಕ್ರವಿರುವ ರೀಲು ಮೊದಲು ಕಾಣಿಸಿಕೊಂಡದ್ದು ಇಂಗ್ಲೆಂಡಿನಲ್ಲಿ. ಲಂಡನ್ನಿನ ಒನೆಸಿಮಸ್ ಉಸ್ಟನ್ಸನ್ 18ನೆಯ ಶತಮಾನದಲ್ಲೇ ಅದನ್ನು ಮಾರುತ್ತಿದ್ದ. ಆದರೆ ಅದನ್ನು ಎಸೆತದ ಸಾಧನವಾಗಿ ಮಾಡಿದ್ದು ಅಮೆರಿಕದ ಕೆಂಟಕಿ ರಾಜ್ಯದ ಗಡಿಯಾರ ತಯಾರಕರು. ಪ್ಯಾರಿಸ್ ಎಂಬ ಪುಟ್ಟ ಪಟ್ಟಣದಲ್ಲಿ ಬೆಳ್ಳಿಕೆಲಸ, ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಜಾರ್ಜ್ ಸ್ನೈಡರ್ ಇದರ ಮೂಲಪುರುಷ ಎನ್ನುವುದು ವಾಡಿಕೆ. ಅವನ ಮೊದಲ ರೀಲಿನ ಕಾಲವನ್ನು ಸಾಮಾನ್ಯವಾಗಿ 1810-20ರ ನಡುವೆ ಇಡುತ್ತಾರೆ. ಅವನ ಹಾದಿಯಲ್ಲಿ ಅದೇ ರಾಜ್ಯದ ಫ್ರಾಂಕ್‌ಫರ್ಟ್ ಊರಿನ ಮೀಕ್ ಸಹೋದರರು ನಡೆದರು. ಅವರ ಅಂಗಡಿಯಲ್ಲಿ ಪಳಗಿದ ಬೆಂಜಮಿನ್ ಮೈಲಮ್ ಮುಂದೆ ತನ್ನದೇ ಹೆಸರಿನಲ್ಲಿ ರೀಲು ಮಾಡಿದ. ಹಿಡಿಕೆ ಒಂದು ಸುತ್ತು ತಿರುಗಿದರೆ ಸ್ಪೂಲ್ ನಾಲ್ಕು ಸುತ್ತು ತಿರುಗುವ ಇವರ ‘ಕೆಂಟಕಿ ರೀಲು’ಗಳನ್ನು ಬಿಚ್ಚಿ ನೋಡಿದವರಿಗೆ ಜೇಬುಗಡಿಯಾರವೇ ನೆನಪಾಗುತ್ತದೆ. ಹಲ್ಲುಗಳನ್ನು ಕೈಯಲ್ಲೇ ಕೊರೆದಿರುತ್ತಿದ್ದರು. ತಿರುಪುಗಳಿಗೂ ಅವು ಕೂರುವ ರಂಧ್ರಗಳಿಗೂ ಜೊತೆಜೊತೆ ಗುರುತು ಹಾಕಿರುತ್ತಿದ್ದರು. ಅವುಗಳಲ್ಲಿ ಬ್ರೇಕ್ ಇರಲಿಲ್ಲ, ದಾರವನ್ನು ಸಮವಾಗಿ ಸುತ್ತುವ ಏರ್ಪಾಟೂ ಇರಲಿಲ್ಲ. ಎಸೆಯುವಾಗ ಹಿಡಿಕೆಯೂ ಸ್ಪೂಲಿನೊಡನೆ ಹಿಮ್ಮುಖವಾಗಿ ಗಿರ್ರನೆ ಸುತ್ತುತ್ತಿತ್ತು. ಎಲ್ಲ ಹೊಣೆಯೂ ಹೆಬ್ಬೆರಳಿನದು.

ದಾರವನ್ನು ಅತ್ತಿತ್ತ ಒಯ್ದು ಸಮವಾಗಿ ಸುತ್ತುವ ಲೆವೆಲ್‌ವೈಂಡ್ ಅನ್ನು 1890ರ ದಶಕದ ಕೊನೆಗೆ ಜನಪ್ರಿಯತೆಯ ಹಾದಿಗೆ ತಂದವನು ಮಿಷಿಗನ್ನಿನ ಕಲಮಜೂ ಊರಿನ ವಿಲಿಯಂ ಶೇಕ್ಸ್‌ಪಿಯರ್. ನಾಟಕಕಾರನ ಹೆಸರಿನವನಾದರೂ ಕಸುಬು ಬೇರೆ. ಮುಂದಿನ ದೊಡ್ಡ ಜಿಗಿತ ಬಂದದ್ದು ಸ್ವೀಡನ್ನಿನ ಸ್ವಾಂಗ್‌ಸ್ಟಾ ಹಳ್ಳಿಯಿಂದ, ಅದೂ ಒಂದು ಗಡಿಯಾರ ಕಾರ್ಖಾನೆಯಿಂದ! 1921ರಲ್ಲಿ ಶುರುವಾದ ಎಬಿ ಊರ್‌ಫಾಬ್ರಿಕೆನ್ ಗಡಿಯಾರ, ಟ್ಯಾಕ್ಸಿ ಮೀಟರ್ ಮಾಡುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಮೀಟರಿನ ಮಾರುಕಟ್ಟೆ ಕುಸಿದಾಗ ಅದು ರೀಲಿನತ್ತ ಹೊರಳಿತು. 1952ರಲ್ಲಿ ಬಂದ ಅದರ ಕೆಂಪು ಬಣ್ಣದ ಆಂಬಸಡರ್ 5000ರಲ್ಲಿ ಕೇಂದ್ರಾಪಗಾಮಿ ಬ್ರೇಕ್ ಇತ್ತು, ಗುಂಡಿ ಒತ್ತಿದರೆ ಸ್ಪೂಲ್ ಹಲ್ಲುಚಕ್ರದಿಂದ ಬಿಡಿಸಿಕೊಳ್ಳುತ್ತಿತ್ತು, ಹಿಡಿಕೆ ಸುಮ್ಮನಿರುತ್ತಿತ್ತು. ಇಂದಿನ ಪ್ರತಿ ಬಾಸ್ ರೀಲೂ ಇದಕ್ಕೆ ಋಣಿ.

ಅಮೆರಿಕದ ರೇ ಸ್ಕಾಟ್ 1967ರಲ್ಲಿ ಅರ್ಕಾನ್ಸಾದ ಬೀವರ್ ಸರೋವರದಲ್ಲಿ ಬಾಸ್ ಹಿಡಿಯುವ ಪಂದ್ಯ ನಡೆಸಿ, ಮರುವರ್ಷ ಬಾಸ್ ಗಾಳಗಾರರ ಸಂಘ ಕಟ್ಟಿದ ಮೇಲೆ ಇಂಥ ರೀಲುಗಳ ಬೇಡಿಕೆ ಏರಿತು. 1970ರ ದಶಕದಲ್ಲಿ ಅಲಬಾಮಾದ ಲೂ ಚಿಲ್ಡ್ರೆ ರೂಪಿಸಿ ಜಪಾನಿನ ಶಿಮಾನೊ ತಯಾರಿಸಿದ ಸ್ಪೀಡ್ ಸ್ಪೂಲ್, ಅಂಗೈಗೆ ಒಗ್ಗುವ ತಗ್ಗು ಮೈಕಟ್ಟನ್ನು ರೂಢಿಗೆ ತಂದಿತು.

ಎರಡು ವೇಗಗಳ ಜಗಳ

34 ಮಿಲಿಮೀಟರ್ ವ್ಯಾಸದ ತುಂಬಿದ ಸ್ಪೂಲಿನ ಒಂದು ಸುತ್ತಿಗೆ ಸುಮಾರು 107 ಮಿಮೀ ದಾರ ಬಿಚ್ಚುತ್ತದೆ. ಎರೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಹೊರಟಿತು ಎನ್ನಿ; ಸ್ಪೂಲ್ ನಿಮಿಷಕ್ಕೆ 14,000 ಸುತ್ತಿನ ಲೆಕ್ಕದಲ್ಲಿ ತಿರುಗಬೇಕು. ಗಾಳಿಯ ತಡೆಯಿಂದ ಎರೆ ಬೇಗ ನಿಧಾನವಾಗುತ್ತದೆ. ಸ್ಪೂಲಿಗೆ ಆ ತಡೆಯಿಲ್ಲ, ತನ್ನ ಜಡತ್ವದಿಂದ ಅದೇ ಭರದಲ್ಲಿ ದಾರ ಉಗುಳುತ್ತಲೇ ಇರುತ್ತದೆ. ಹೋಗಲು ದಾರಿಯಿಲ್ಲದ ದಾರ ಸ್ಪೂಲಿನ ಮೇಲೇ ಉಬ್ಬುತ್ತದೆ.

ಇದನ್ನು ತಡೆಯುವುದೇ ಬ್ರೇಕಿನ ಕೆಲಸ. ಕೇಂದ್ರಾಪಗಾಮಿ ಬ್ರೇಕಿನಲ್ಲಿ ಪುಟ್ಟ ಗುಬುಟುಗಳು ವೇಗಕ್ಕೆ ಹೊರಸರಿದು ಸುತ್ತಲಿನ ಬಳೆಗೆ ಉಜ್ಜುತ್ತವೆ. ಅವುಗಳ ಒತ್ತಡ ವೇಗದ ವರ್ಗಕ್ಕೆ ಅನುಗುಣ: ಸ್ಪೂಲಿನ ವೇಗ ಅರ್ಧಕ್ಕಿಳಿದರೆ ಬ್ರೇಕ್ ಕಾಲುಭಾಗಕ್ಕಿಳಿಯುತ್ತದೆ. ಕಾಂತ ಬ್ರೇಕಿನಲ್ಲಿ ಅಲ್ಯುಮಿನಿಯಂ ಸ್ಪೂಲಿನೊಳಗೆ ಸುಳಿವಿದ್ಯುತ್ ಹುಟ್ಟಿ ಅದನ್ನು ಹಿಂದಕ್ಕೆಳೆಯುತ್ತದೆ. ಇಲ್ಲಿ ವೇಗ ಅರ್ಧವಾದರೆ ಬ್ರೇಕೂ ಅರ್ಧವೇ. ಹಾಗಾಗಿ ಮೊದಲನೆಯದು ಆರಂಭದ ರಭಸವನ್ನು ಹಿಡಿದು ಆಮೇಲೆ ಎರೆಯನ್ನು ಬಿಟ್ಟುಕೊಡುತ್ತದೆ. ಭಾರವಾದ ಎರೆಗೆ, ನುರಿತ ಕೈಗೆ ಹಿತ. ಎರಡನೆಯದು ಕೊನೆಯವರೆಗೂ ಕೈಬಿಡುವುದಿಲ್ಲ. ಎದುರುಗಾಳಿಗೂ ಹಗುರ ಎರೆಗೂ ಆಸರೆ. ಡೈವಾ ಕಂಪನಿಯ ಕೆಲವು ಮಾದರಿಗಳಲ್ಲಿ ವೇಗ ಏರಿದಂತೆ ಒಂದು ಬಳೆ ಕಾಂತಕ್ಷೇತ್ರದೊಳಕ್ಕೆ ಸರಿದು ಈ ಎರಡೂ ಗುಣಗಳನ್ನು ಬೆಸೆಯುತ್ತದೆ. ಶಿಮಾನೊದ ಡಿಸಿ ಮಾದರಿಗಳಲ್ಲಿ ಬ್ರೇಕಿನ ಪ್ರಮಾಣವನ್ನು ಪುಟ್ಟ ಗಣಕವೇ ನಿರ್ಧರಿಸುತ್ತದೆ.

ಪರೀಕ್ಷೆ

ದಾರ ಸುತ್ತುವ ಮುನ್ನವೇ ರೀಲನ್ನು ಕಿವಿಯ ಬಳಿ ಹಿಡಿದು ಹಿಡಿಕೆಯನ್ನು ಬಲು ನಿಧಾನವಾಗಿ ತಿರುಗಿಸಬೇಕು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ತಡೆದರೆ ದೋಷ ಹಲ್ಲುಚಕ್ರದ್ದಿರಬಹುದು. ಉದ್ದಕ್ಕೂ ಮರಳು ಅರೆದಂತಾದರೆ ಬೇರಿಂಗಿನದು. ಹಿಡಿಕೆಯನ್ನು ಹಿಂದಕ್ಕೆ ಒತ್ತಿದರೆ ಎಳ್ಳಷ್ಟೂ ಅಲುಗಬಾರದು. ಹಿಮ್ಮುಖ ತಡೆಯುವ ಬೇರಿಂಗಿಗೆ ಗ್ರೀಸ್ ಹೆಚ್ಚಾದರೂ ಅದು ಜಾರುವುದುಂಟು. ದಾರದ ಮಾರ್ಗದರ್ಶಿ ಎರಡೂ ತುದಿಗಳಲ್ಲಿ ತಡವರಿಸದೆ ಹಿಂದಿರುಗಬೇಕು.

ಬರಿ ಸ್ಪೂಲನ್ನು ಬೆರಳಿನಿಂದ ಚಿಮ್ಮಿ ಎಷ್ಟು ಸೆಕೆಂಡು ತಿರುಗಿತೆಂದು ಹೆಮ್ಮೆಪಡುವವರಿದ್ದಾರೆ. ಆ ಸಂಖ್ಯೆ ಬೇರಿಂಗ್ ಮತ್ತು ಎಣ್ಣೆಯ ಬಗ್ಗೆ ಹೇಳುತ್ತದೆಯೇ ಹೊರತು ಎಸೆತದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ನಿಜವಾದ ಪರೀಕ್ಷೆ ಬಯಲಲ್ಲಿ ನಡೆಯುತ್ತದೆ: ಕೊಕ್ಕೆಯಿಲ್ಲದ 14 ಗ್ರಾಂ ತೂಕವೊಂದನ್ನು ಕಟ್ಟಿ, ಒಂದೊಂದು ಬ್ರೇಕ್ ಮಟ್ಟದಲ್ಲೂ ಕೆಲವು ಬಾರಿ ಎಸೆದು, ದಾರ ಯಾವ ಹಂತದಲ್ಲಿ ಉಬ್ಬುತ್ತದೆ ಎಂದು ಗಮನಿಸಬೇಕು. ಎಸೆತದ ಆರಂಭದಲ್ಲೇ ಉಬ್ಬಿದರೆ ಬ್ರೇಕ್ ಸಾಲದು, ಇಲ್ಲವೇ ಕೈ ಜರ್ಕು ಹೊಡೆಯುತ್ತಿದೆ. ನಡುವೆ ಉಬ್ಬಿದರೆ ಗಾಳಿಯ ಕಡೆ ನೋಡಬೇಕು. ಎರೆ ನೆಲಕ್ಕೆ ಬಿದ್ದಾಗ ಉಬ್ಬಿದರೆ ತಪ್ಪು ರೀಲಿನದಲ್ಲ, ಹೆಬ್ಬೆರಳಿನದು.

ಹೊಂದಾಣಿಕೆ

ನುಣುಪಾದ ಸ್ಪೂಲಿನ ಮೇಲೆ ಹೆಣೆದ ದಾರ ಜಾರುತ್ತದೆ. ಅದರ ಕೆಳಗೆ ಒಂದಷ್ಟು ನೈಲಾನ್ ಏಕತಂತು ಸುತ್ತುವುದು ರೂಢಿ. ಸ್ಪೂಲಿನ ಅಂಚಿಗೆ ಸುಮಾರು 3 ಮಿಮೀ ಬಿಟ್ಟು ತುಂಬಿದರೆ ಸಾಕು.

ಹಿಡಿಕೆಯ ಬದಿಯ ಗುಬುಟು ಸ್ಪೂಲಿನ ಅಚ್ಚನ್ನು ಒತ್ತುತ್ತದೆ. ಗುಂಡಿ ಒತ್ತಿ ಎರೆಯನ್ನು ಇಳಿಬಿಟ್ಟಾಗ ಅದು ನಿಧಾನವಾಗಿ ಇಳಿದು, ನೆಲ ಮುಟ್ಟಿದ ಮೇಲೆ ಸ್ಪೂಲ್ ಒಂದು ಸುತ್ತಿಗಿಂತ ಹೆಚ್ಚು ತಿರುಗದಂತೆ ಗುಬುಟನ್ನು ಬಿಗಿಯಬೇಕೆಂಬುದು ಕೈಪಿಡಿಗಳ ಹಳೆಯ ಪಾಠ. ಕಲಿಯುವವರಿಗೆ ಇದು ಒಳ್ಳೆಯ ಊರುಗೋಲು, ಆದರೆ ದೂರವನ್ನು ತಿನ್ನುತ್ತದೆ. ಆ ಒತ್ತಡ ಎಸೆತದ ಉದ್ದಕ್ಕೂ ಒಂದೇ ಸಮ ಇರುತ್ತದೆ, ಬೇಕಿಲ್ಲದ ಕಡೆಯೂ. ಸ್ಪೂಲಿನ ಅಡ್ಡ ಅಲುಗಾಟ ಕಾಣದಷ್ಟೇ ಗುಬುಟನ್ನು ಬಿಗಿದು, ಉಳಿದದ್ದನ್ನು ಬ್ರೇಕಿಗೂ ಬೆರಳಿಗೂ ಬಿಡುವುದೇ ಮೇಲು. ಬ್ರೇಕನ್ನು ಮೊದಲು ಮುಕ್ಕಾಲು ಭಾಗಕ್ಕಿಟ್ಟು, ಎಸೆತ ಹದಕ್ಕೆ ಬಂದಂತೆ ಒಂದೊಂದೇ ಮೆಟ್ಟಿಲು ಇಳಿಸಬೇಕು. ಎರೆ ಬದಲಾದರೆ, ಗಾಳಿ ತಿರುಗಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಹೊಸಬರಿಗೆ ಒಂದು ಉಪಾಯ: ಅತಿ ಉದ್ದದ ಎಸೆತಕ್ಕಿಂತ ತುಸು ಹೆಚ್ಚು ದಾರ ಹೊರಗೆಳೆದು, ಸ್ಪೂಲಿನಲ್ಲಿ ಉಳಿದದ್ದರ ಮೇಲೆ ಟೇಪು ಅಂಟಿಸಿ, ದಾರವನ್ನು ಮತ್ತೆ ಸುತ್ತಿಕೊಂಡರೆ ಸಿಕ್ಕು ಅದಕ್ಕಿಂತ ಆಳಕ್ಕಿಳಿಯುವುದಿಲ್ಲ. ಸಿಕ್ಕಾದಾಗ ಹೆಬ್ಬೆರಳನ್ನು ಸ್ಪೂಲಿಗೆ ಬಲವಾಗಿ ಒತ್ತಿ ಹಿಡಿಕೆಯನ್ನು ಕೆಲವು ಸುತ್ತು ತಿರುಗಿಸಿ, ಆಮೇಲೆ ದಾರ ಎಳೆದರೆ ಎಷ್ಟೋ ಬಾರಿ ಬಿಡಿಸಿಕೊಳ್ಳುತ್ತದೆ.

ಸುತ್ತುವ ಅನುಪಾತದ ವಿಷಯ ಚಿಕ್ಕದು. ಮೇಲೆ ಹೇಳಿದ 34 ಮಿಮೀ ಸ್ಪೂಲಿನಲ್ಲಿ 5.4:1 ಅನುಪಾತಕ್ಕೆ ಹಿಡಿಕೆಯ ಸುತ್ತಿಗೆ ಸುಮಾರು 58 ಸೆಂಮೀ, 7.1:1ಕ್ಕೆ 76 ಸೆಂಮೀ ದಾರ ಒಳಬರುತ್ತದೆ. ನೀರನ್ನು ತಳ್ಳಿಕೊಂಡು ಆಳಕ್ಕಿಳಿಯುವ ಕ್ರ್ಯಾಂಕ್‌ಬೇಟ್ ಎಂಬ ಹುಸಿ ಎರೆಗೆ ಮೊದಲನೆಯದು, ಸಡಿಲ ದಾರವನ್ನು ಬೇಗ ಎಳೆದುಕೊಳ್ಳಬೇಕಾದ ಜಿಗ್ ಎಂಬ ಎರೆಗೆ ಎರಡನೆಯದು ಸೂಕ್ತ. ಡ್ರ್ಯಾಗ್ ಎಂದರೆ ಮೀನು ಜಗ್ಗಿದಾಗ ದಾರ ಹರಿಯದೆ ಬಿಟ್ಟುಕೊಡುವ ಬಿಗಿತ. ಅದನ್ನು ತಕ್ಕಡಿಕೊಕ್ಕೆಯಿಂದ ಎಳೆದು ಅಳೆಯಬೇಕು: ದಾರದ ತಾಳಿಕೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗ, ಅಂದರೆ 12 ಪೌಂಡಿನ ದಾರಕ್ಕೆ 3ರಿಂದ 4 ಪೌಂಡು.

ಬಾಸ್ ಮತ್ತು ಬೇರೆ ಮೀನುಗಳು

ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಮೀನು. ಜಾರ್ಜ್ ಪೆರಿ 1932ರಲ್ಲಿ ಜಾರ್ಜಿಯಾದಲ್ಲಿ ಹಿಡಿದ 22 ಪೌಂಡ್ 4 ಔನ್ಸಿನ ದಾಖಲೆಯನ್ನು 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಒಂದು ಔನ್ಸಿನಿಂದ ಮೀರಿಸಿದರೂ, ನಿಯಮಕ್ಕೆ ಎರಡು ಔನ್ಸ್ ಅಂತರ ಬೇಕಾದ್ದರಿಂದ ಇಬ್ಬರೂ ಸಮರೆನಿಸಿದರು. ಕುರಿತಾರ ಮೀನು ಸಿಕ್ಕಿದ್ದು ಹುಸಿ ಎರೆಗಲ್ಲ, ಜೀವಂತ ಬ್ಲೂಗಿಲ್ ಮೀನಿಗೆ. ಕರ್ನಾಟಕದ ಹೊಳೆಗಳಿಗೆ ಬಾಸ್ ಸಹಜವಲ್ಲ. ಆದರೆ ಕಾವೇರಿಯ ಮಹಶೀರ್ ಗಾಳಗಾರರು ಇದೇ ವಂಶದ ದೊಡ್ಡ ದುಂಡು ರೀಲುಗಳನ್ನು ಬಳಸಿದ್ದಾರೆ. ಕೆರೆಯ ಕೊರವ ಮೀನಿಗೆ ರಬ್ಬರ್ ಕಪ್ಪೆ ಎಸೆಯುವವರಿಗೂ ತಗ್ಗು ಮೈಕಟ್ಟಿನ ಬಾಸ್ ರೀಲು ಒಗ್ಗುತ್ತದೆ.

ಸ್ಪೂಲಿನ ಬೇರಿಂಗಿಗೆ ಒಂದು ಹನಿ ತೆಳು ಎಣ್ಣೆ, ಹಲ್ಲುಚಕ್ರಕ್ಕೆ ಗ್ರೀಸ್ ಹಾಕುವುದು ವಾಡಿಕೆ. ಕೆಲಸ ಮುಗಿದ ಮೇಲೆ ಡ್ರ್ಯಾಗಿನ ನಕ್ಷತ್ರಚಕ್ರವನ್ನು ಸಡಿಲಿಸಿಡಬೇಕು; ಬಿಗಿದೇ ಇಟ್ಟರೆ ಒಳಗಿನ ಬಿಲ್ಲೆಗಳು ಚಪ್ಪಟೆಯಾಗಿ ಮುಂದಿನ ಸಲ ದಾರ ಜರ್ಕು ಜರ್ಕಾಗಿ ಬಿಡುತ್ತದೆ.