ಮಲೆನಾಡಿನ ರಸ್ತೆ ಸಮೀಕ್ಷೆ: ಯಾವ ರಸ್ತೆಗೆ ಮೊದಲು ಡಾಂಬರು?

ಮಳೆಗಾಲ ಮುಗಿಯುತ್ತಿದ್ದಂತೆ ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಸೀಮೆಯಲ್ಲಿ ಪ್ರತಿ ವರ್ಷವೂ ಒಂದೇ ಪ್ರಶ್ನೆ ಏಳುತ್ತದೆ. ಈ ಬಾರಿ ದುರಸ್ತಿಯಾಗುವ ರಸ್ತೆ ಯಾವುದು, ಮುಂದಿನ ವರ್ಷಕ್ಕೆ ಉಳಿಯುವ ರಸ್ತೆ ಯಾವುದು? ಹಾಳಾದ ಎಲ್ಲ ರಸ್ತೆಗಳಿಗೂ ಸಾಲುವಷ್ಟು ಅನುದಾನ ಎಂದೂ ಇರುವುದಿಲ್ಲವಾದ್ದರಿಂದ ಆದ್ಯತಾ ಪಟ್ಟಿ ಅನಿವಾರ್ಯ. ಆ ಪಟ್ಟಿಗೆ ಆಧಾರವಾಗಬೇಕಾದದ್ದು ರಸ್ತೆಗಳ ಸ್ಥಿತಿಗತಿಯ ಸಮೀಕ್ಷೆ. ಆದರೆ ಬಯಲು ಸೀಮೆಯ ರಸ್ತೆಗೆ ಒಪ್ಪುವ ಅಳತೆಗೋಲು ಘಟ್ಟದ ರಸ್ತೆಗೆ ಸಂಪೂರ್ಣವಾಗಿ ಒಪ್ಪುವುದಿಲ್ಲ. ಸಮೀಕ್ಷೆ ನಡೆಯುವ ಕಾಲ ಯಾವುದು, ಅದು ಎಣಿಸುವ ಸಂಗತಿಗಳು ಯಾವುವು ಎಂಬುದರ ಮೇಲೆ ಇಲ್ಲಿನ ಊರುಗಳ ಸಂಪರ್ಕವೇ ನಿಂತಿದೆ.

ರಸ್ತೆ ಯಾರಿಗೆ ಸೇರಿದ್ದು?

ಪ್ರಯಾಣಿಕನಿಗೆ ರಸ್ತೆ ಒಂದೇ ಆಗಿ ಕಂಡರೂ ಕಡತದಲ್ಲಿ ಅದು ಹಲವು ಕೈಗಳಲ್ಲಿ ಹಂಚಿಹೋಗಿದೆ. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಏರಿ ಕೊಟ್ಟಿಗೆಹಾರ, ಬಣಕಲ್, ಮೂಡಿಗೆರೆ, ಬೇಲೂರು ಮಾರ್ಗವಾಗಿ ತುಮಕೂರಿನತ್ತ ಸಾಗುವುದು ರಾಷ್ಟ್ರೀಯ ಹೆದ್ದಾರಿ 73. ದೇಶದ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆ ನೀಡುವ ಮುನ್ನ ಮಂಗಳೂರು–ಮೂಡಿಗೆರೆ–ಬೇಲೂರು ಭಾಗ 234ನೇ ಹೆದ್ದಾರಿಯಾಗಿತ್ತು. ಮೂಡಿಗೆರೆ ಬಳಿಯಿಂದ ಚಿಕ್ಕಮಗಳೂರು, ಕಡೂರು ಕಡೆಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 173.

ರಾಜ್ಯ ಹೆದ್ದಾರಿಗಳು ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯ ಹೊಣೆ. ಗ್ರಾಮೀಣ ರಸ್ತೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ, ಪಟ್ಟಣದ ಒಳರಸ್ತೆಗಳು ಸ್ಥಳೀಯ ಸಂಸ್ಥೆಗಳಿಗೆ ಸೇರುತ್ತವೆ. ತೋಟದಿಂದ ಹೊರಟ ಕಾಫಿ ಮೂಟೆ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ ತಲುಪುವಷ್ಟರಲ್ಲಿ ಇಂತಹ ಮೂರು ನಾಲ್ಕು ಆಡಳಿತಗಳ ರಸ್ತೆಯನ್ನು ದಾಟಿರುತ್ತದೆ. ಒಂದು ಇಲಾಖೆಯ ಸಮೀಕ್ಷೆ ತನ್ನ ಗಡಿಯಲ್ಲಿ ನಿಲ್ಲುತ್ತದೆ. ಲಾರಿ ಮಾತ್ರ ನಿಲ್ಲುವುದಿಲ್ಲ.

ಕಣ್ಣಳತೆ ಮತ್ತು ಯಂತ್ರದ ಅಳತೆ

ಸಮೀಕ್ಷೆಯ ಮೊದಲ ಹಂತ ಕಣ್ಣಿನ ಪರಿಶೀಲನೆ. ರಸ್ತೆಯನ್ನು ಕಿಲೋಮೀಟರ್ ಕಲ್ಲುಗಳ ಆಧಾರದ ಮೇಲೆ ತುಂಡುಗಳಾಗಿ ವಿಂಗಡಿಸಿ, ಇಲಾಖೆಯ ಭಾಷೆಯಲ್ಲಿ 'ಸರಪಳಿ' ಎನಿಸುವ ದೂರದ ಲೆಕ್ಕದಲ್ಲಿ, ಪ್ರತಿ ತುಂಡಿನ ಬಿರುಕು, ಗುಂಡಿ, ತೇಪೆ, ಜಲ್ಲಿ ಕಿತ್ತುಹೋದ ಜಾಗ, ಕುಸಿತ ಮತ್ತು ಚಕ್ರದ ಜಾಡಿನ ಆಳವನ್ನು ದಾಖಲಿಸಲಾಗುತ್ತದೆ. ಇದಕ್ಕೆ ಮಾರ್ಗದರ್ಶಿಯಾಗಿರುವುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 82ನೇ ಸಂಹಿತೆ. 1982ರ ಈ ಸಂಹಿತೆಯನ್ನು 2015ರಲ್ಲಿ ಪರಿಷ್ಕರಿಸಲಾಯಿತು. ಅದರ ಪ್ರಕಾರ ಹೆದ್ದಾರಿಯೊಂದರಲ್ಲಿ ಬಿರುಕು ಬಿಟ್ಟ ಭಾಗ ಶೇ 5ಕ್ಕಿಂತ ಕಡಿಮೆ ಇದ್ದರೆ ಉತ್ತಮ, ಶೇ 5ರಿಂದ 10ರವರೆಗೆ ಸಾಧಾರಣ, ಅದಕ್ಕೂ ಮಿಗಿಲಾದರೆ ಕಳಪೆ. ಗುಂಡಿಗಳ ವಿಷಯದಲ್ಲಿ ಶೇ 1ನ್ನು ಮೀರಿದರೆ ಸಾಕು, ಆ ಭಾಗ ಕಳಪೆ ಎನಿಸುತ್ತದೆ. ಚಕ್ರದ ಜಾಡು 10 ಮಿಲಿಮೀಟರ್‌ಗಿಂತ ಆಳವಾದರೂ ಅದೇ ತೀರ್ಪು.

ಎರಡನೆಯ ಹಂತ ಯಂತ್ರಗಳದು. ಗಂಟೆಗೆ 32 ಕಿ.ಮೀ. ವೇಗದಲ್ಲಿ ವಾಹನದ ಹಿಂದೆ ಎಳೆದೊಯ್ಯುವ ಒಂಟಿ ಚಕ್ರದ 'ಬಂಪ್ ಇಂಟಿಗ್ರೇಟರ್' ರಸ್ತೆಯ ಏರುಪೇರನ್ನು ಅಳೆಯುತ್ತದೆ. ಮೇಲ್ಮೈ ನುಣುಪಾಗಿದ್ದರೂ ಒಳಗಿನ ಪದರ ಸೋತಿರಬಹುದು. ಅದನ್ನು ತಿಳಿಯಲು ಬಳಸುವುದು 'ಬೆಂಕಲ್‌ಮನ್ ಬೀಮ್'. ನಿಗದಿತ ಭಾರ ಹೇರಿದ ಲಾರಿಯ ಹಿಂಬದಿಯ ಜೋಡಿ ಚಕ್ರಗಳ ನಡುವೆ ಉದ್ದನೆಯ ತೊಲೆಯೊಂದರ ತುದಿಯನ್ನು ಇಟ್ಟು, ಲಾರಿ ಮುಂದೆ ಸಾಗಿದಾಗ ರಸ್ತೆ ಎಷ್ಟು ಮೇಲೇಳುತ್ತದೆ ಎಂಬುದನ್ನು ನೋಡುವುದು ಇದರ ಕ್ರಮ. ಹೆಚ್ಚು ಬಾಗುವ ರಸ್ತೆಗೆ ಹೆಚ್ಚು ದಪ್ಪನೆಯ ಹೊದಿಕೆ ಬೇಕು. ಕ್ಯಾಮೆರಾ ಹಾಗೂ ಲೇಸರ್ ಸಾಧನಗಳನ್ನು ಹೊತ್ತ ಸಮೀಕ್ಷಾ ವಾಹನಗಳು ರಾಷ್ಟ್ರೀಯ ಹೆದ್ದಾರಿಗಳ ಸಮೀಕ್ಷೆಗೆ ಬಂದಿದ್ದು, ಚಲಿಸುತ್ತಲೇ ಬಿರುಕು, ಜಾಡುಗಳನ್ನು ದಾಖಲಿಸುತ್ತವೆ.

ಬೆಂಕಲ್‌ಮನ್ ಪರೀಕ್ಷೆಯ ನಿಯಮದಲ್ಲಿ ಮಲೆನಾಡಿಗೆ ಮುಖ್ಯವಾದ ಒಂದು ಮಾತಿದೆ. ತಳದ ಮಣ್ಣು ಅತಿ ದುರ್ಬಲವಾಗಿರುವ ಮಳೆಗಾಲದ ಬೆನ್ನಿಗೇ ಅಳತೆ ನಡೆಯಬೇಕು. ಒಣ ತಿಂಗಳುಗಳಲ್ಲಿ ಅಳೆದರೆ ತೇವಾಂಶಕ್ಕೆ ತಕ್ಕ ತಿದ್ದುಪಡಿಯನ್ನು ಸೇರಿಸಬೇಕು. ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ರಸ್ತೆ ಆಗಸ್ಟ್‌ನಲ್ಲಿಯೂ ಗಟ್ಟಿಯಾಗಿರುತ್ತದೆ ಎಂದು ನಂಬುವಂತಿಲ್ಲ.

ವಾಹನ ಗಣತಿ ಮತ್ತು ಕಾಫಿ ಕೊಯ್ಲು

ರಸ್ತೆಯ ಸ್ಥಿತಿಯಷ್ಟೇ ಮುಖ್ಯವಾದುದು ಅದರ ಮೇಲಿನ ಹೊರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ವರ್ಷಕ್ಕೆ ಕನಿಷ್ಠ ಎರಡು ಬಾರಿ ವಾಹನ ಗಣತಿ ನಡೆಯಬೇಕು. ಒಂದು ಸುಗ್ಗಿ ಮತ್ತು ಮಾರಾಟದ ಕಾಲದಲ್ಲಿ, ಇನ್ನೊಂದು ಸಂಚಾರ ವಿರಳವಾದ ಕಾಲದಲ್ಲಿ. ಪ್ರತಿ ಬಾರಿಯೂ ಸತತ 7 ದಿನ, ಹಗಲಿರುಳು 24 ಗಂಟೆ ಎಣಿಕೆ ನಡೆಯಬೇಕೆಂಬುದು ನಿಯಮ.

ಕಾಫಿ ಸೀಮೆಯಲ್ಲಿ ಸುಗ್ಗಿ ಎಂದರೆ ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ಕೊಯ್ಲಿನ ಆಳುಗಳನ್ನು ಕರೆತರುವ ಜೀಪು, ಪಿಕಪ್‌ಗಳು, ಹಣ್ಣು ಮತ್ತು ಚೆರ್ರಿ ಸಾಗಿಸುವ ಟ್ರ್ಯಾಕ್ಟರ್‌ಗಳು, ಕ್ಯೂರಿಂಗ್ ವರ್ಕ್ಸ್‌ಗೆ ಹೋಗುವ ಲಾರಿಗಳು ರಸ್ತೆಗಿಳಿಯುವುದು ಆಗಲೇ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಹೊರನಾಡುಗಳಿಗೆ ಬರುವವರ ಕಾರುಗಳು ಇದಕ್ಕೆ ಸೇರುತ್ತವೆ. ಗಣತಿ ಒಂದೆರಡು ದಿನಕ್ಕೇ ಸೀಮಿತವಾದರೆ ಶನಿವಾರ, ಭಾನುವಾರದ ಕಾರುಗಳು ಲಾರಿಗಳನ್ನು ಮರೆಮಾಡಬಹುದು. ಇಲ್ಲವೇ ವಾರದ ನಡುವಿನ ನಿಶ್ಶಬ್ದ ರಸ್ತೆಯೇ ಲೆಕ್ಕಕ್ಕೆ ಸಿಗಬಹುದು.

ಕಾರು ಮತ್ತು ಲಾರಿಯ ವ್ಯತ್ಯಾಸ ಸಣ್ಣದಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ಹೊರಬಂದ ಸೂತ್ರದಂತೆ, ರಸ್ತೆಗಾಗುವ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಷ್ಟು ಏರುತ್ತದೆ. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ಹಾನಿ ಸುಮಾರು 16 ಪಟ್ಟು. ಹಾಗಾಗಿ ಮಿತಿಮೀರಿ ಭಾರ ಹೇರಿದ ಒಂದು ಲಾರಿಯನ್ನು ಕಾರುಗಳ ಸಂಖ್ಯೆಯೊಂದಿಗೆ ಹೋಲಿಸಿ ಕಡೆಗಣಿಸಲಾಗದು.

ಪಟ್ಟಿ ತಯಾರಾಗುವ ಬಗೆ

ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆಗಳ ಮಾಹಿತಿಯನ್ನು ಕ್ರೋಡೀಕರಿಸಲು ಯೋಜನೆ ಮತ್ತು ರಸ್ತೆ ಆಸ್ತಿ ನಿರ್ವಹಣಾ ಕೇಂದ್ರವಿದೆ. ರಸ್ತೆಯ ಸ್ಥಿತಿ, ವಾಹನ ಸಂಖ್ಯೆ ಮತ್ತು ದುರಸ್ತಿ ವೆಚ್ಚವನ್ನು ಒಟ್ಟಿಗೆ ತೂಗಿ ನೋಡಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಗಣಕ ವಿಧಾನ 'ಎಚ್‌ಡಿಎಂ–4'. ಇದರ ಮೂಲದಲ್ಲಿರುವ ಅಧ್ಯಯನಗಳು ಕೀನ್ಯಾ, ಬ್ರೆಜಿಲ್, ಕೆರಿಬಿಯನ್ ದ್ವೀಪಗಳೊಂದಿಗೆ ಭಾರತದಲ್ಲಿಯೂ ನಡೆದಿದ್ದವು.

ಈ ವಿಧಾನದ ತಿರುಳು ಸರಳ. ದುರಸ್ತಿಗೆ ತಗಲುವ ವೆಚ್ಚದ ಎದುರಿಗೆ ವಾಹನ ಸವಾರರಿಗೆ ಉಳಿಯುವ ಇಂಧನ, ಟೈರು, ಸಮಯದ ಮೌಲ್ಯವನ್ನು ಇಡಲಾಗುತ್ತದೆ. ತಡಮಾಡಿದರೆ ಖರ್ಚು ಬೆಳೆಯುತ್ತದೆ ಎಂಬುದೂ ಲೆಕ್ಕದಲ್ಲಿ ಬರುತ್ತದೆ. 85 ದೇಶಗಳ ರಸ್ತೆಗಳನ್ನು ಪರಿಶೀಲಿಸಿ ವಿಶ್ವ ಬ್ಯಾಂಕ್ 1988ರಲ್ಲಿ ಪ್ರಕಟಿಸಿದ ವರದಿಯೊಂದು, ಸಕಾಲದಲ್ಲಿ 1200 ಕೋಟಿ ಡಾಲರ್ ನಿರ್ವಹಣೆಗೆ ವ್ಯಯಿಸಿದ್ದರೆ 4500 ಕೋಟಿ ಡಾಲರ್ ಮೌಲ್ಯದ ರಸ್ತೆಗಳು ಹಾಳಾಗದೆ ಉಳಿಯುತ್ತಿದ್ದವು ಎಂದು ಲೆಕ್ಕ ಹಾಕಿತ್ತು.

ಆದ್ದರಿಂದ ಅತಿ ಹೆಚ್ಚು ಹಾಳಾದ ರಸ್ತೆಗೇ ಮೊದಲ ಸ್ಥಾನ ಎಂಬ ಜನಸಾಮಾನ್ಯರ ಎಣಿಕೆ ಯಾವಾಗಲೂ ಸರಿಯಲ್ಲ. ಸಂಪೂರ್ಣ ಕಿತ್ತುಹೋದ ರಸ್ತೆಯನ್ನು ಹೇಗಿದ್ದರೂ ಹೊಸದಾಗಿ ಕಟ್ಟಬೇಕು. ಬಿರುಕು ಮೂಡಲು ಆರಂಭಿಸಿದ ರಸ್ತೆಗೆ ಈ ವರ್ಷವೇ ತೆಳು ಹೊದಿಕೆ ಕೊಟ್ಟರೆ ಮುಂದಿನ ದೊಡ್ಡ ಖರ್ಚು ತಪ್ಪುತ್ತದೆ.

ಇದೇ ವಿಧಾನದ ಮಿತಿಯೂ ಗಮನಿಸತಕ್ಕದ್ದು. ಒಂದು ರಸ್ತೆಯಲ್ಲಿ ದಿನಕ್ಕೆ 4000 ವಾಹನ, ಮತ್ತೊಂದರಲ್ಲಿ 800 ವಾಹನ ಓಡುತ್ತವೆ ಎಂದಿಟ್ಟುಕೊಂಡರೆ, ಸ್ಥಿತಿ ಸಮಾನವಾಗಿದ್ದರೂ ಸವಾರರಿಗಾಗುವ ಲಾಭ ಮೊದಲನೆಯದರಲ್ಲಿಯೇ ಹೆಚ್ಚು. ಹೀಗಾಗಿ ವಾಹನ ಕಡಿಮೆ ಇರುವ ಘಟ್ಟದ ಅಂಚಿನ ರಸ್ತೆ ವರ್ಷ ವರ್ಷವೂ ಪಟ್ಟಿಯ ಕೆಳಗೇ ಉಳಿಯಬಹುದು.

ಚಾರ್ಮಾಡಿ ಕಲಿಸಿದ ಪಾಠ

ಘಟ್ಟದ ರಸ್ತೆಗಳು ಬಿಡಿಬಿಡಿಯಾಗಿ ಬದುಕುವುದಿಲ್ಲ. ಶಿರಾಡಿ ಘಾಟಿ ರಸ್ತೆಯನ್ನು ಕಾಂಕ್ರೀಟ್ ಕಾಮಗಾರಿಗಾಗಿ 2015 ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿದಾಗ ಅಲ್ಲಿನ ವಾಹನಗಳು ಚಾರ್ಮಾಡಿಗೆ ಹೊರಳಿದವು. 2018ರ ಜೂನ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದು ಪ್ರಯಾಣಿಕರು ರಾತ್ರಿಯಿಡೀ ವಾಹನಗಳಲ್ಲೇ ಕಳೆಯುವಂತಾಯಿತು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಗ್ರಾಮಗಳನ್ನು ಭೂಕುಸಿತ ಕಾಡಿದಾಗ ಚಾರ್ಮಾಡಿ ರಸ್ತೆಯೂ ಹಲವೆಡೆ ಕುಸಿದು ಸಂಚಾರ ನಿಂತಿತು. ಲಘು ವಾಹನಗಳಿಗೆ ದಾರಿ ತೆರೆದ ಬಳಿಕವೂ ಭಾರಿ ವಾಹನಗಳ ಮೇಲಿನ ನಿರ್ಬಂಧ ದೀರ್ಘಕಾಲ ಮುಂದುವರಿಯಿತು.

ಆಗ ಕರಾವಳಿಗೆ ಉಳಿದ ದಾರಿಗಳಲ್ಲಿ ಒಂದು, ಕೊಟ್ಟಿಗೆಹಾರದಿಂದ ಬಾಳೂರು, ಕಳಸ, ಕುದುರೆಮುಖ, ಬಜಗೋಳಿ ಮೂಲಕ ಕಾರ್ಕಳ ಸೇರುವ ರಸ್ತೆ. ಸಾಮಾನ್ಯ ದಿನಗಳ ಹೊರೆಗೆ ತಕ್ಕಂತೆ ಇದ್ದ ಈ ತಿರುವುಮುರುವಿನ ರಸ್ತೆ ಹೆದ್ದಾರಿಯ ಹೊರೆಯನ್ನು ಹೊರಬೇಕಾಯಿತು, ಅದೂ ಮಳೆಗಾಲದ ನಡುವೆ. ಸುಗ್ಗಿಯ ಗಣತಿಯಾಗಲಿ ವಿರಳ ಕಾಲದ ಗಣತಿಯಾಗಲಿ ಈ ಹೊರೆಯನ್ನು ತೋರಿಸಲಾರದು. ಅದು ಕಾಣಿಸಿಕೊಳ್ಳುವುದು ಬೇರೊಂದು ರಸ್ತೆ ಬಿದ್ದಾಗ ಮಾತ್ರ. ಆದ್ದರಿಂದ ಕಾಫಿ ಸೀಮೆಯ ಆದ್ಯತಾ ಪಟ್ಟಿಯಲ್ಲಿ 'ಈ ರಸ್ತೆ ಮುಚ್ಚಿದರೆ ಮತ್ತೊಂದು ದಾರಿ ಇದೆಯೇ? ಮತ್ತೊಂದು ಮುಚ್ಚಿದರೆ ಹೊರೆ ಎಲ್ಲಿಗೆ ಬರುತ್ತದೆ?' ಎಂಬ ಎರಡು ಪ್ರಶ್ನೆಗಳಿಗೆ ಅಂಕ ಇರಬೇಕಾಗುತ್ತದೆ.

ಕಳಸ–ಹೊರನಾಡು ನಡುವೆ ಭದ್ರಾ ನದಿಗೆ ಅಡ್ಡಲಾಗಿರುವ ಹೆಬ್ಬಾಳೆ ಸೇತುವೆ ಮತ್ತೊಂದು ಉದಾಹರಣೆ. ಕುದುರೆಮುಖ ಭಾಗದಲ್ಲಿ ಮಳೆ ಜೋರಾದಾಗಲೆಲ್ಲ ಈ ತಗ್ಗು ಸೇತುವೆಯ ಮೇಲೆ ನೀರು ಹರಿದು ಸಂಪರ್ಕ ಕಡಿದಿದೆ. ಡಾಂಬರಿನ ಗುಣಮಟ್ಟವನ್ನಷ್ಟೇ ಅಳೆಯುವ ಸಮೀಕ್ಷೆಗೆ ಸೇತುವೆಯ ಎರಡೂ ಬದಿಯ ರಸ್ತೆ ಉತ್ತಮವೆಂದೇ ತೋರಬಹುದು. ಚಿಕಿತ್ಸೆಗಾಗಿ ಮಂಗಳೂರು, ಮಣಿಪಾಲಕ್ಕೆ ಧಾವಿಸಬೇಕಾದ ರೋಗಿಯ ಕುಟುಂಬಕ್ಕೆ ಆ ಅಂಕದಿಂದ ಪ್ರಯೋಜನವಿಲ್ಲ.

ಮೊದಲ ವೈರಿ ನೀರು

ಮಲೆನಾಡಿನಲ್ಲಿ ರಸ್ತೆಯನ್ನು ಕೊಲ್ಲುವುದು ಚಕ್ರಕ್ಕಿಂತ ಮೊದಲು ನೀರು. ಬಿರುಕಿನೊಳಗೆ ಇಳಿದ ನೀರು ಜಲ್ಲಿಗೂ ಡಾಂಬರಿಗೂ ಇರುವ ಬೆಸುಗೆಯನ್ನು ಬಿಡಿಸುತ್ತದೆ, ತಳದ ಮಣ್ಣನ್ನು ಮೆದುಗೊಳಿಸುತ್ತದೆ. ಆಮೇಲೆ ಬರುವ ಲಾರಿ ಉಳಿದ ಕೆಲಸ ಮುಗಿಸುತ್ತದೆ. ತೋಟದ ನೆರಳುಮರಗಳ ಕೆಳಗಿನ ರಸ್ತೆಗೆ ಬಿಸಿಲು ತಾಗುವುದು ಕಡಿಮೆ. ಮಳೆ ನಿಂತರೂ ತೇವ ಆರುವುದಿಲ್ಲ. ಮರದ ಎಲೆ, ಗುಡ್ಡದ ಮಣ್ಣು ಸೇರಿ ಚರಂಡಿ, ಮೋರಿಗಳು ಕಟ್ಟಿಕೊಂಡರೆ ನೀರು ರಸ್ತೆಯ ಮೇಲೆಯೇ ದಾರಿ ಹುಡುಕುತ್ತದೆ. ತೋಟದ ಗೇಟಿಗೆ ದಾರಿ ಮಾಡಲು ಪೈಪು ಹಾಕದೆ ಚರಂಡಿಗೆ ಮಣ್ಣು ತುಂಬಿದರೂ ಪರಿಣಾಮ ಅದೇ.

ಈ ಕಾರಣದಿಂದ ಮೇಲ್ಮೈಯ ಅಂಕದ ಜೊತೆಗೆ ಚರಂಡಿಯ ಇಳಿಜಾರು, ಮೋರಿಯ ಬಾಯಿ, ತಡೆಗೋಡೆ, ರಸ್ತೆಯ ಅಂಚು ಮತ್ತು ಮೇಲಿನ ಗುಡ್ಡದ ಸ್ಥಿತಿಗೂ ಪ್ರತ್ಯೇಕ ದಾಖಲೆ ಅಗತ್ಯ. ಚರಂಡಿ ಸರಿಪಡಿಸದೆ ಹಾಕಿದ ಡಾಂಬರು ಮುಂದಿನ ಮುಂಗಾರಿಗೆ ಕೊಟ್ಟ ಸಾಲದಂತೆ.

ಪಟ್ಟಣದೊಳಗಿನ ಹೆದ್ದಾರಿ

ಚಿಕ್ಕಮಗಳೂರು ನಗರದ ಜನ ದಿನನಿತ್ಯ ಬಳಸುವ ಕೆ.ಎಂ. ರಸ್ತೆಯ ಪೂರ್ಣ ಹೆಸರು ಕಡೂರು–ಮಂಗಳೂರು ರಸ್ತೆ. ಹೆಸರೇ ಹೇಳುವಂತೆ ಅದು ಊರಿನ ಬೀದಿಯೂ ಹೌದು, ದೂರದ ಹೆದ್ದಾರಿಯೂ ಹೌದು. ಇಂತಹ ರಸ್ತೆ ಹಾಳಾಗುವ ಬಗೆ ಬೇರೆ. ಒಳಚರಂಡಿ, ಕುಡಿಯುವ ನೀರಿನ ಕೊಳವೆ, ಕೇಬಲ್‌ಗಳಿಗಾಗಿ ಅಗೆದು ಸರಿಯಾಗಿ ಮುಚ್ಚದ ಗುಂಡಿಗಳು, ಬಸ್ಸು ನಿಂತು ಹೊರಡುವ ಜಾಗದ ಉಬ್ಬುತಗ್ಗು, ಅಂಗಡಿ ಸಾಲಿನ ಮುಂದೆ ಮುಚ್ಚಿಹೋದ ಚರಂಡಿ ಇಲ್ಲಿನ ಮುಖ್ಯ ದೋಷಗಳು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯೂ ನಗರ ರಸ್ತೆಗಳಿಗೆ ಪ್ರತ್ಯೇಕ ಕೋಷ್ಟಕವನ್ನು ಕೊಟ್ಟಿದೆ. ಕೊಳವೆ ಹಾಕುವ ಸಂಸ್ಥೆ ಮತ್ತು ಡಾಂಬರು ಹಾಕುವ ಇಲಾಖೆ ಒಂದೇ ವೇಳಾಪಟ್ಟಿಗೆ ಒಪ್ಪದಿದ್ದರೆ ಇಂದಿನ ಸಮೀಕ್ಷೆ ನಾಳೆಗೆ ಹಳತಾಗುತ್ತದೆ.

ಕೆಲಸಕ್ಕೆ ಸಿಗುವ ಕಾಲ ಕಿರಿದು

ಇಲ್ಲಿ ಬಿಸಿ ಡಾಂಬರಿನ ಕೆಲಸಕ್ಕೆ ಒಣ ಹವೆ ಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ಬೆಳೆಗಾರರು ಕಾಯುವ ಹೂಮಳೆ ಬರುತ್ತದೆ, ಜೂನ್‌ನಲ್ಲಿ ಮುಂಗಾರು ಹಿಡಿಯುತ್ತದೆ. ಅಕ್ಟೋಬರ್–ನವೆಂಬರ್‌ನಲ್ಲಿ ಸಮೀಕ್ಷೆ ಮುಗಿದು, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್ ಪ್ರಕ್ರಿಯೆ ಬೇಗ ಪೂರ್ಣಗೊಂಡರೆ ಮಾತ್ರ ಹೂಮಳೆಗೆ ಮುನ್ನ ಕಾಮಗಾರಿ ಮುಗಿಯುತ್ತದೆ. ಸಮೀಕ್ಷೆಯೇ ಜನವರಿಗೆ ಜಾರಿದರೆ ಕಾಮಗಾರಿ ಮೇ ತಿಂಗಳಿಗೆ ಬಂದು ನಿಲ್ಲುತ್ತದೆ. ಹೊಸ ಡಾಂಬರು ಗಟ್ಟಿಯಾಗುವ ಮೊದಲೇ ಮಳೆಗೆ ಸಿಲುಕುತ್ತದೆ. ಮಳೆಗಾಲದಲ್ಲಿ ಹಾಕುವ ತಣ್ಣನೆಯ ಮಿಶ್ರಣದ ತೇಪೆ ತಾತ್ಕಾಲಿಕ ಪರಿಹಾರವಷ್ಟೇ.

ಸಮೀಕ್ಷೆಯ ದಾಖಲೆ ಸಾರ್ವಜನಿಕ ಹಣಕ್ಕೆ ಸಂಬಂಧಿಸಿದ್ದು. 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ತಮ್ಮ ಊರಿನ ರಸ್ತೆಗೆ ಯಾವ ತಿಂಗಳಲ್ಲಿ ಸಮೀಕ್ಷೆ ನಡೆಯಿತು, ಎಷ್ಟು ಅಂಕ ಬಂತು, ಚರಂಡಿ, ಮೋರಿಗಳ ಪರಿಶೀಲನೆ ಆಯಿತೇ ಎಂದು ನಾಗರಿಕರು ಕೇಳಬಹುದು. 'ನಮ್ಮ ರಸ್ತೆ ಯಾವಾಗ?' ಎಂಬ ಪ್ರಶ್ನೆಗೆ ಸಿಗುವುದು ಭರವಸೆ. 'ನಮ್ಮ ರಸ್ತೆಯ ಅಂಕ ಎಷ್ಟು, ಅದು ಪಟ್ಟಿಯಲ್ಲಿ ಎಷ್ಟನೆಯದು, ಏಕೆ?' ಎಂಬ ಪ್ರಶ್ನೆಗೆ ಸಿಗಬೇಕಾದದ್ದು ಲೆಕ್ಕ. ಮಳೆ ಮತ್ತು ಕೊಯ್ಲಿನ ಪಂಚಾಂಗಕ್ಕೆ ಹೊಂದಿಕೊಂಡ ಸಮೀಕ್ಷೆ ಇದ್ದಾಗ ಮಾತ್ರ ಆ ಲೆಕ್ಕ ಕಳಸದ ಕೊನೆಯ ತಿರುವಿನವರೆಗೂ ತಲುಪುತ್ತದೆ.