ಘಟಕ: ಕೂಡಿಸುವವನ ಹೆಸರು

ಸಾಫ್ಟ್‌ವೇರ್ ಕಲಿಯಹೊರಟವರ ಕೈಗೆ ಮೊದಲು ಸಿಗುವ ಪುಸ್ತಕಗಳಲ್ಲಿ ‘ಕಾಂಪೊನೆಂಟ್’ ಎಂಬ ಮಾತು ಆರಂಭದ ಪುಟಗಳಲ್ಲೇ ಎದುರಾಗುತ್ತದೆ. ಕನ್ನಡದಲ್ಲಿ ಪಾಠ ಹೇಳುವವರು ಅದನ್ನು ಘಟಕ ಎನ್ನುತ್ತಾರೆ. ಕೇಳಿದ ಹುಡುಗ ಸಲೀಸಾಗಿ ತಲೆಯಾಡಿಸುತ್ತಾನೆ, ಏಕೆಂದರೆ ಅವನಿಗೆ ಘಟಕ ಹೊಸದಲ್ಲ. ಶಾಲೆಯ ಪುಸ್ತಕದಲ್ಲಿ ಘಟಕ ಒಂದು, ಘಟಕ ಎರಡು ಎಂದಿತ್ತು. ಪಾಠ ಮುಗಿದರೆ ಘಟಕ ಪರೀಕ್ಷೆ ಇರುತ್ತಿತ್ತು. ಬಸ್ ಡಿಪೋದಲ್ಲಿ ‘ಘಟಕ ವ್ಯವಸ್ಥಾಪಕರು’ ಎಂಬ ಫಲಕ ನೋಡಿದ್ದಾನೆ. ಪಕ್ಷದ ತಾಲ್ಲೂಕು ಘಟಕ, ಕಾಲೇಜಿನ ಎನ್‌ಎಸ್‌ಎಸ್ ಘಟಕ, ಕೈಗಾರಿಕಾ ವಸಾಹತಿನ ಉತ್ಪಾದನಾ ಘಟಕ ಎಲ್ಲವೂ ಗೊತ್ತು. ಇವೆಲ್ಲ ಸೇರಿ ಅವನ ಮನಸ್ಸಿನಲ್ಲಿ ಊರಿರುವ ಅರ್ಥ ಒಂದೇ: ದೊಡ್ಡದೊಂದರ ತುಂಡು. ಆ ಅರ್ಥ ಹಿಡಿದುಕೊಂಡೇ ಪುಸ್ತಕದೊಳಗೆ ನಡೆದರೆ ಕೆಲವು ಅಧ್ಯಾಯ ದಾಟುವಷ್ಟರಲ್ಲಿ ದಾರಿ ಕಾಣದಾಗುತ್ತದೆ. ತಪ್ಪು ಪದದ್ದಲ್ಲ. ಅದರ ಹಳೆಯ ಅರ್ಥ ನಮ್ಮ ನೆನಪಿನಿಂದ ಜಾರಿಹೋಗಿದೆ, ಅಷ್ಟೆ.

ಸಂಸ್ಕೃತ ಕ್ರಿಯಾಮೂಲಗಳ ಪಟ್ಟಿಯಾದ ಧಾತುಪಾಠದಲ್ಲಿ ‘ಘಟ್’ ಒಂದು ಕಡೆ ಚೇಷ್ಟೆಯ ಅರ್ಥದಲ್ಲಿ ಬರುತ್ತದೆ, ಎಂದರೆ ಕೆಲಸಕ್ಕೆ ತೊಡಗುವುದು. ಚುರಾದಿ ಗಣದಲ್ಲಿ ಬರುವಾಗ ಅದರ ಅರ್ಥ ಸಂಘಾತ, ಎಂದರೆ ಒಟ್ಟುಗೂಡುವುದು. ತೊಡಗುವುದು, ಕೂಡುವುದು: ಇಡೀ ಬಳಗ ಹಬ್ಬಿರುವುದು ಈ ಎರಡು ಅರ್ಥಗಳ ಆಸರೆಯಲ್ಲೇ. ಧಾತುವಿಗೆ ‘ಅಕ’ ಸೇರಿದರೆ ಆ ಕೆಲಸ ಮಾಡುವವನ ಹೆಸರಾಗುತ್ತದೆ. ಬರೆಯುವವನು ಲೇಖಕ, ಹಾಡುವವನು ಗಾಯಕ. ಹಾಗೆಯೇ ಕೂಡಿಸುವವನು, ಆಗುವಂತೆ ಮಾಡುವವನು ಘಟಕ. ಸಂಸ್ಕೃತ ನಿಘಂಟುಗಳು ಈ ಪದಕ್ಕೆ ಕೊಡುವ ಅರ್ಥಗಳಲ್ಲಿ ಸಾಧಿಸುವವನು ಇದ್ದಾನೆ, ವಂಶಾವಳಿ ಬಲ್ಲವನು ಇದ್ದಾನೆ, ಮದುವೆ ಕುದುರಿಸುವವನೂ ಇದ್ದಾನೆ. ಒಂದು ಸಮಗ್ರವನ್ನು ರೂಪಿಸುವ ಅಂಶ ಎಂಬ ಅರ್ಥವೂ ಅದೇ ಸಾಲಿನಲ್ಲಿದೆ. ಕನ್ನಡದಲ್ಲಿ ನಮ್ಮ ಕಾಲಕ್ಕೆ ಉಳಿದು ಬಂದದ್ದು ಈ ಕೊನೆಯದು ಮಾತ್ರ.

ಮದುವೆ ಕುದುರಿಸುವ ಘಟಕ ಬಂಗಾಳದಲ್ಲಿ ಇನ್ನೂ ಬದುಕಿದ್ದಾನೆ. ಅಲ್ಲಿ ಅದು ನಿತ್ಯದ ಮಾತು. ಎರಡು ಮನೆತನಗಳ ಕುಲ, ಗೋತ್ರ, ಹಿಂದಿನ ತಲೆಮಾರುಗಳ ನೆಂಟಸ್ತಿಕೆ ಎಲ್ಲ ಬಾಯಿಪಾಠ ಮಾಡಿಕೊಂಡು, ಯಾರಿಗೆ ಯಾರು ಸರಿಹೊಂದುತ್ತಾರೆ ಎಂದು ಹೇಳಬಲ್ಲವನು ಘಟಕ. ಈ ವೃತ್ತಿಯೇ ಮುಂದೆ ಮನೆತನದ ಹೆಸರೂ ಆಯಿತು. ಸಿನಿಮಾ ನಿರ್ದೇಶಕ ಋತ್ವಿಕ್ ಘಟಕ್ ಅವರ ಹೆಸರಿನಲ್ಲಿರುವುದು ಅದೇ.

ಕನ್ನಡದಲ್ಲಿ ಈ ಧಾತು ಬೇರೆ ಬೇರೆ ವೇಷದಲ್ಲಿ ಮನೆಮಾಡಿದೆ. ಘಟ ಎಂದರೆ ಮಡಕೆ. ಘಟಿಕೆ ಎಂದರೆ ಚಿಕ್ಕ ಮಡಕೆ, ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಡುತ್ತಿದ್ದರು. ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಘಟಿಕೆ, ಈಗಿನ ಲೆಕ್ಕದಲ್ಲಿ 24 ನಿಮಿಷ. ದಿನಕ್ಕೆ ಅಂಥವು 60. ನಮ್ಮ ಬಾಯಲ್ಲಿ ಅದು ಗಳಿಗೆ ಆಯಿತು. ‘ಒಳ್ಳೆ ಗಳಿಗೆ ನೋಡಿ ಹೊರಡಿ’ ಎನ್ನುವಾಗ ಆ ತೂತಿನ ಬಟ್ಟಲು ಯಾರಿಗೂ ನೆನಪಾಗುವುದಿಲ್ಲ. ಜನ ಕೂಡಿ ವಿದ್ಯೆ ಕಲಿಯುವ ಜಾಗಕ್ಕೂ ಘಟಿಕೆ ಎಂಬ ಹೆಸರಿತ್ತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದಲ್ಲಿ ಕದಂಬ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಪಲ್ಲವರ ಕಂಚಿಗೆ ಹೋಗಿ ಸೇರಿದ್ದು ಘಟಿಕೆಯನ್ನೇ. ವಿಶ್ವವಿದ್ಯಾಲಯಗಳ ಪದವಿಪ್ರದಾನಕ್ಕೆ ಘಟಿಕೋತ್ಸವ ಎಂಬ ಹೆಸರು ಬಂದಿರುವುದು ಈ ದಾರಿಯಲ್ಲಿ. ಘಟನೆ ಎಂದರೆ ನಮಗಿಂದು ‘ನಡೆದದ್ದು’ ಮಾತ್ರ, ಆದರೆ ಸಂಘಟನೆಯಲ್ಲಿ ಕೂಡಿಸುವ ಅರ್ಥ ಮಾಸಿಲ್ಲ. ಮರಾಠಿಯವರು ಸಂವಿಧಾನವನ್ನು ಇಂದಿಗೂ ರಾಜ್ಯಘಟನೆ ಎನ್ನುತ್ತಾರೆ. ಒಂದು ರಾಜ್ಯವನ್ನು ಹೇಗೆ ಕೂಡಿಸಿ ನಿಲ್ಲಿಸಲಾಗಿದೆ ಎಂಬುದನ್ನು ಹೇಳುವ ಗ್ರಂಥಕ್ಕೆ ಇದಕ್ಕಿಂತ ತಕ್ಕ ಹೆಸರು ನನಗೆ ಕಾಣುವುದಿಲ್ಲ. ಕೂಡಲಾರದ್ದನ್ನು ಕೂಡಿಸುವ ಶಕ್ತಿಗೆ ವೇದಾಂತಿಗಳು ಹೇಳುವ ‘ಅಘಟಿತಘಟನಾ ಸಾಮರ್ಥ್ಯ’ದಲ್ಲೂ ಅದೇ ಧಾತು ಎರಡೆರಡು ಸಲ ಮಿಡಿಯುತ್ತದೆ.

ಕಂಪ್ಯೂಟರ್ ಲೋಕಕ್ಕೆ ‘ಕಾಂಪೊನೆಂಟ್’ ಬಂದದ್ದು ತಯಾರಿಕೆಯ ಲೋಕದಿಂದ. ಅದರ ಲ್ಯಾಟಿನ್ ಮೂಲವೂ ಒಟ್ಟಿಗೆ ಇಡುವುದು ಎಂದೇ ಹೇಳುತ್ತದೆ. 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೊ ಆಶ್ರಯದ ಒಂದು ಸಮ್ಮೇಳನ ನಡೆಯಿತು. ದೊಡ್ಡ ಪ್ರೋಗ್ರಾಮ್‌ಗಳು ಹೇಳಿದ ಹೊತ್ತಿಗೆ ಮುಗಿಯುತ್ತಿರಲಿಲ್ಲ, ಮುಗಿದವು ನೆಟ್ಟಗೆ ಓಡುತ್ತಿರಲಿಲ್ಲ. ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕ್‌ಇಲ್ರಾಯ್ ಅಲ್ಲಿ ಮಂಡಿಸಿದ ಪ್ರಬಂಧದ ವಿಷಯ ಸಾಫ್ಟ್‌ವೇರ್ ಕಾಂಪೊನೆಂಟ್‌ಗಳ ಸಾಮೂಹಿಕ ಉತ್ಪಾದನೆ. ಪ್ರತಿಯೊಬ್ಬರೂ ಪ್ರತಿಯೊಂದನ್ನೂ ಮೊದಲಿಂದ ಬರೆಯುವುದೇಕೆ ಎಂಬುದು ಅವರ ಪ್ರಶ್ನೆ. ಕೋನದ ಸೈನ್ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಮನ್ನೇ ಅವರು ಉದಾಹರಣೆಗೆ ಎತ್ತಿಕೊಂಡರು. ಒಬ್ಬರಿಗೆ ಹೆಚ್ಚು ದಶಮಾಂಶ ಸ್ಥಾನಗಳು ಬೇಕು, ಇನ್ನೊಬ್ಬರಿಗೆ ವೇಗ ಬೇಕು, ಮತ್ತೊಬ್ಬರಿಗೆ ಮೆಮೊರಿ ಕಡಿಮೆ ಹಿಡಿಸಬೇಕು. ಹೀಗೆ ನಿಖರತೆ, ವೇಗ, ಜಾಗ, ದೃಢತೆಯ ಲೆಕ್ಕದಲ್ಲಿ ವಿಂಗಡಿಸಿದ ಒಂದು ಕೆಟಲಾಗ್ ಇರಬೇಕು, ಬೇಕಾದವರು ಅದರಿಂದ ಆರಿಸಿಕೊಳ್ಳಬೇಕು. ಆ ಕೆಟಲಾಗ್ ಅವರು ಕಂಡಂತೆ ಆಗಲೇ ಸಿದ್ಧವಾಗಲಿಲ್ಲ. ಆದರೆ 1973ರಲ್ಲಿ ಯುನಿಕ್ಸ್‌ಗೆ ‘ಪೈಪ್’ ಬಂದಾಗ ಅವರ ಒತ್ತಾಯ ಬೇರೊಂದು ರೂಪದಲ್ಲಿ ಫಲಿಸಿತು. ಒಂದು ಪ್ರೋಗ್ರಾಮಿನ ಹೊರಹರಿವು ಇನ್ನೊಂದಕ್ಕೆ ಒಳಹರಿವಾಗುವಂತೆ ನಡುವೆ ಒಂದು ನಿಲುಗೆರೆ ಎಳೆದರೆ ಸಾಕು. ಎರಡೂ ಕಡೆಯ ಪ್ರೋಗ್ರಾಮ್‌ಗಳು ಒಂದನ್ನೊಂದು ಅರಿಯಬೇಕಿಲ್ಲ.

1980ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಬ್ರ್ಯಾಡ್ ಕಾಕ್ಸ್ ಹೀಗೆ ಆರಿಸಿ ಜೋಡಿಸಬಹುದಾದ ಸಿದ್ಧ ತುಣುಕಿಗೆ ‘ಸಾಫ್ಟ್‌ವೇರ್ ಐಸಿ’ ಎಂಬ ಹೆಸರಿಟ್ಟರು. ಬೆಂಗಳೂರಿನವರಿಗೆ ಆ ಹೆಸರು ಬೇಗ ಹಿಡಿಸುತ್ತದೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ‘ಕಾಂಪೊನೆಂಟ್’ ಎಂದರೆ ರೆಸಿಸ್ಟರ್, ಕೆಪಾಸಿಟರ್, ಐಸಿ. ಐಸಿಯೊಳಗೆ ಏನಿದೆ ಎಂದು ಕೊಳ್ಳುವವನು ಕೇಳುವುದಿಲ್ಲ, ಯಾವ ಕಾಲು ಯಾವುದಕ್ಕೆ ಎಂದು ಕೇಳುತ್ತಾನೆ.

ಕಲಿಯಹೊರಟವರ ಪುಸ್ತಕಗಳಿಗೆ ಮರಳಿ ಬರೋಣ. ಮೈಕ್ರೋಸಾಫ್ಟ್ 1993ರಲ್ಲಿ ಕಾಂಪೊನೆಂಟ್ ಆಬ್ಜೆಕ್ಟ್ ಮಾಡೆಲ್ ತಂದಿತು, ಬಳಕೆಯಲ್ಲಿ ‘ಕಾಂ’. 1997ರಲ್ಲಿ ಡೇಲ್ ರೋಜರ್ಸನ್ ಅವರ ‘ಇನ್‌ಸೈಡ್ ಕಾಂ’ ಹೊರಬಂತು. ಸಿ++ ಬಲ್ಲ, ಕಾಂ ಅರಿಯದ ಓದುಗನನ್ನು ಕೈಹಿಡಿದು ನಡೆಸುವ ಪುಸ್ತಕ ಅದು. ಇಂಟರ್‌ಫೇಸ್ ಎಂದರೇನು, ಅದನ್ನು ಕೇಳಿ ಪಡೆಯುವುದು ಹೇಗೆ, ಕೆಲಸ ಮುಗಿದ ಮೇಲೆ ಬಿಟ್ಟುಕೊಡುವುದು ಹೇಗೆ ಎಂದು ಹಂತಹಂತವಾಗಿ ಕಲಿಸುತ್ತದೆ. ಇಂಥ ಪುಸ್ತಕ ಹಿಡಿದವರಿಗೆ ‘ತುಂಡು’ ಎಂಬ ಅರ್ಥ ಕೈಕೊಡುವುದು ಎಲ್ಲಿ ಎಂದು ಹತ್ತಿರದಿಂದ ನೋಡಬೇಕು.

ಪ್ರತಿಯೊಂದು ಕಾಂ ಘಟಕವೂ ‘ಐಅನ್‌ನೋನ್’ ಎಂಬ ಇಂಟರ್‌ಫೇಸನ್ನು, ಎಂದರೆ ಹೊರಗಿನವರು ಕರೆಯಬಹುದಾದ ಫಂಕ್ಷನ್‌ಗಳ ಒಂದು ಗುಂಪನ್ನು, ಹೊತ್ತಿರಲೇಬೇಕು. ಅದರಲ್ಲಿರುವುದು ಮೂರೇ ಫಂಕ್ಷನ್: ಕ್ವೆರಿಇಂಟರ್‌ಫೇಸ್, ಆ್ಯಡ್‌ರೆಫ್, ರಿಲೀಸ್. ಮೂರರಲ್ಲಿ ಯಾವುದೂ ಲೆಕ್ಕ ಮಾಡುವುದಿಲ್ಲ, ಚಿತ್ರ ಬರೆಯುವುದಿಲ್ಲ, ಕಡತ ತೆರೆಯುವುದಿಲ್ಲ. ಮೂರೂ ಸಂಬಂಧಕ್ಕೆ ಸೇರಿದವು. ‘ನಿನಗೆ ಈ ಕೆಲಸ ಬರುತ್ತದೆಯೇ?’ ಎಂದು ಕೇಳುವುದು ಮೊದಲನೆಯದು. ಪ್ರತಿ ಇಂಟರ್‌ಫೇಸಿಗೂ 128 ಬಿಟ್‌ನ ಒಂದು ಗುರುತು ಸಂಖ್ಯೆ ಇರುತ್ತದೆ. ಅದನ್ನು ಕೊಟ್ಟು ಕೇಳಿದರೆ, ಬರುವುದಾದರೆ ಅದರ ವಿಳಾಸ ಸಿಗುತ್ತದೆ, ಬಾರದಿದ್ದರೆ ‘ಇ_ನೋಇಂಟರ್‌ಫೇಸ್’ ಎಂಬ ನೇರ ಉತ್ತರ. ‘ನಾನು ನಿನ್ನನ್ನು ಬಳಸುತ್ತಿದ್ದೇನೆ’ ಎಂದು ತಿಳಿಸುವುದು ಎರಡನೆಯದು, ‘ನನ್ನ ಕೆಲಸ ಮುಗಿಯಿತು’ ಎನ್ನುವುದು ಮೂರನೆಯದು. ಹೀಗೆ ಬಳಸುತ್ತಿರುವವರ ಎಣಿಕೆ ಸೊನ್ನೆಗೆ ಇಳಿದಾಗ ಘಟಕ ತನ್ನನ್ನು ತಾನೇ ಮೆಮೊರಿಯಿಂದ ತೆರವು ಮಾಡಿಕೊಳ್ಳುತ್ತದೆ.

ಕ್ವೆರಿಇಂಟರ್‌ಫೇಸ್‌ಗೆ ಇರುವ ಕಟ್ಟುಪಾಡುಗಳು ಇನ್ನೂ ಸೊಗಸು. ಒಂದು ಘಟಕ ಒಮ್ಮೆ ಕೊಟ್ಟ ಇಂಟರ್‌ಫೇಸನ್ನು ಇನ್ನೊಮ್ಮೆ ಕೇಳಿದಾಗ ಇಲ್ಲ ಎನ್ನುವಂತಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿಯಿದ್ದರೆ ಮರಳಲೂ ದಾರಿಯಿರಬೇಕು. ಎಲ್ಲಿಂದಾದರೂ ಒಂದು ಕಡೆಯಿಂದ ತಲುಪಬಹುದಾದದ್ದನ್ನು ಎಲ್ಲ ಕಡೆಯಿಂದಲೂ ತಲುಪುವಂತಿರಬೇಕು. ಎಲ್ಲಕ್ಕಿಂತ ಕಟ್ಟುನಿಟ್ಟಿನದು ಇನ್ನೊಂದು: ಒಮ್ಮೆ ಪ್ರಕಟಿಸಿದ ಇಂಟರ್‌ಫೇಸನ್ನು ಬದಲಿಸಬಾರದು. ಹೊಸತು ಬೇಕಾದರೆ ಹೊಸ ಗುರುತಿನ ಹೊಸ ಇಂಟರ್‌ಫೇಸ್ ಬರೆಯಿರಿ, ಹಳೆಯದನ್ನು ಹಾಗೇ ಉಳಿಸಿ. ಬಂಗಾಳದ ಘಟಕನೂ ಎರಡು ಮನೆಗಳ ನಡುವೆ ಒಮ್ಮೆ ಆಡಿದ ಮಾತನ್ನು ಆಮೇಲೆ ತಿರುಚುವಂತಿರಲಿಲ್ಲ. ಅವನ ಕಸುಬಿನ ಬಂಡವಾಳವೇ ಆ ನಂಬಿಕೆ.

‘ತುಂಡು’ ಎಂದುಕೊಂಡವನಿಗೆ ಈ ನಿಯಮಗಳೆಲ್ಲ ವೃಥಾ ಕಾಟ ಎನಿಸುತ್ತವೆ. ತುಂಡು ಮಾಡುವುದಕ್ಕೆ ಇಷ್ಟೆಲ್ಲ ಯಾಕೆ, ಪ್ರೋಗ್ರಾಮನ್ನು ನಾಲ್ಕು ಕಡತಗಳಲ್ಲಿ ಹಂಚಿದರೆ ಸಾಲದೇ ಎಂದು ಅವನು ಕೇಳಿಯೇ ಕೇಳುತ್ತಾನೆ. ‘ಕೂಡಿಸುವುದು’ ಎಂದು ತಿಳಿದು ಹೊರಟವನಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ಯಾರೋ ಬರೆದದ್ದನ್ನು, ಬರೆದವರನ್ನೇ ಅರಿಯದ ಇನ್ಯಾರೋ, ಮೂಲ ಕೋಡ್ ಕಾಣದೆ, ಮುಂದೆಂದೋ ಒಂದು ದಿನ ಜೋಡಿಸುತ್ತಾರೆ. ಆ ದಿನಕ್ಕೆ ಬೇಕಾದ ಎಲ್ಲ ಏರ್ಪಾಡನ್ನೂ ಈಗಲೇ ಮಾಡಿಟ್ಟಿರಬೇಕು. ಕ್ಲೆಮೆನ್ಸ್ ಝೈಪರ್ಸ್‌ಕಿ 1990ರ ದಶಕದ ಕೊನೆಯಲ್ಲಿ ಕಾಂಪೊನೆಂಟ್ ಸಾಫ್ಟ್‌ವೇರ್ ಬಗ್ಗೆ ಬರೆದ ಹೆಸರಾಂತ ಪುಸ್ತಕದ ವ್ಯಾಖ್ಯೆಯ ತಿರುಳೂ ಇದೇ: ಘಟಕ ಎಂಬುದು ಜೋಡಣೆಯ ಒಂದು ಮೂಲಮಾನ, ತಾನಾಗಿ ಪ್ರತ್ಯೇಕವಾಗಿ ಅಳವಡಬೇಕು, ಮೂರನೆಯವರ ಕೈಯಲ್ಲಿ ಇತರ ಘಟಕಗಳೊಡನೆ ಸೇರಬೇಕು. ಒಂಟಿಯಾಗಿ ನಿಲ್ಲುವುದಕ್ಕೂ ಕೂಡುವುದಕ್ಕೂ ಇಂಗ್ಲಿಷಿನಲ್ಲಿ ಎರಡು ಪದ ಬೇಕಾದವು. ಕನ್ನಡದ ಘಟಕ ಶಾಲೆಯ ಪಾಠದಲ್ಲಿ ಮೊದಲ ಅರ್ಥವನ್ನೂ ತನ್ನ ಧಾತುವಿನಲ್ಲಿ ಎರಡನೆಯದನ್ನೂ ಹೊತ್ತುಕೊಂಡೇ ಇದೆ. ಪಾಠ ಹೇಳುವವರು ಒಂದು ನಿಮಿಷ ನಿಂತು ಸಂಘಟನೆ, ಘಟಿಸು, ಘಟಿಕೋತ್ಸವ ಎಂದು ಅದರ ಬಂಧುಗಳನ್ನು ಪರಿಚಯಿಸಿದರೆ ಸಾಕು, ಹುಡುಗರಿಗೆ ಇಂಟರ್‌ಫೇಸಿನ ಅಧ್ಯಾಯ ಅರ್ಧ ತಿಳಿದಂತೆಯೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ಕಾಂ ಕಲಿಯುವವರು ಕಡಿಮೆ. ಜಾಲಪುಟ ಕಟ್ಟುವ, 2013ರಲ್ಲಿ ಎಲ್ಲರಿಗೂ ಮುಕ್ತವಾದ ‘ರಿಯಾಕ್ಟ್’ ಎಂಬ ಸಾಧನದಿಂದಾಗಿ ಜಾಲಪುಟದ ಗುಂಡಿಯೂ ಕಾಂಪೊನೆಂಟ್, ಪಟ್ಟಿಯೂ ಕಾಂಪೊನೆಂಟ್. ಬೆಂಗಳೂರಿನ ಕಚೇರಿಗಳಲ್ಲಿ ‘ಇದನ್ನೊಂದು ಕಾಂಪೊನೆಂಟ್ ಮಾಡಿಬಿಡು’ ಎನ್ನುವುದು ದಿನಕ್ಕೆ ಹತ್ತು ಸಲ ಕೇಳುವ ಮಾತು. ಮೆಕ್‌ಇಲ್ರಾಯ್ ಬಯಸಿದ ಕೆಟಲಾಗ್ ‘ಎನ್‌ಪಿಎಂ’ ಎಂಬ ಭಂಡಾರದ ರೂಪದಲ್ಲಿ ಬಂದಿದೆ. ಜಾವಾಸ್ಕ್ರಿಪ್ಟಿನ ಲಕ್ಷಾಂತರ ತುಣುಕುಗಳು ಅಲ್ಲಿ ಸಿಗುತ್ತವೆ. 2016ರ ಮಾರ್ಚಿನಲ್ಲಿ ಒಬ್ಬ ಲೇಖಕರು ಒಂದು ಹೆಸರಿನ ಜಗಳದಲ್ಲಿ ಬೇಸತ್ತು ತಮ್ಮ ತುಣುಕುಗಳನ್ನೆಲ್ಲ ಅಲ್ಲಿಂದ ತೆಗೆದುಹಾಕಿದರು. ಅವುಗಳಲ್ಲೊಂದು ‘ಲೆಫ್ಟ್-ಪ್ಯಾಡ್’, ಅಕ್ಷರಸಾಲಿನ ಎಡಕ್ಕೆ ಖಾಲಿ ಜಾಗ ತುಂಬುವ 11 ಸಾಲಿನ ಕೋಡ್. ಅದನ್ನು ನೇರವಾಗಿ ಬಳಸಿದವರಿಗಿಂತ, ಬಳಸಿದವರನ್ನು ಬಳಸಿದವರೇ ಹೆಚ್ಚು. ಬೇಬೆಲ್‌ನಂಥ ದೊಡ್ಡ ಸಾಧನ ನಿಂತಿತು, ಅದನ್ನು ನೆಚ್ಚಿದ ಲೆಕ್ಕವಿಲ್ಲದಷ್ಟು ಪ್ರಾಜೆಕ್ಟುಗಳು ಕಟ್ಟುವ ಹಂತದಲ್ಲೇ ಮುಗ್ಗರಿಸಿದವು. ಭಂಡಾರದವರು ಕೆಲವೇ ಗಂಟೆಗಳಲ್ಲಿ ಆ 11 ಸಾಲುಗಳನ್ನು ಮರಳಿ ತಂದಿಟ್ಟರು. ಅನಂತರ ನಿಯಮವೂ ಬಿಗಿಯಾಯಿತು: ಪ್ರಕಟಿಸಿದ್ದನ್ನು ಅಲ್ಪ ಅವಧಿಯೊಳಗೆ ಹಿಂತೆಗೆಯಬಹುದು, ಅದು ಕಳೆದ ಮೇಲೆ ಮನಬಂದಂತೆ ಕೀಳುವಂತಿಲ್ಲ. ಒಮ್ಮೆ ಕೊಟ್ಟದ್ದನ್ನು ಇಲ್ಲ ಎನ್ನಬಾರದು ಎಂದು ಕಾಂ ಕಲಿಯುವವರು 1997ರಲ್ಲೇ ಗುರುತು ಹಾಕಿಕೊಂಡ ಸಾಲನ್ನು ಈ ಭಂಡಾರವೂ ತನ್ನ ನಿಯಮಾವಳಿಗೆ ಸೇರಿಸಿಕೊಂಡಿತು.