ಯೋಗಶಾಲೆಗೆ ನಿದ್ದೆ ಬಾರದವರು ಬಂದದ್ದು

ಮೈಸೂರಿನ ಜಗನ್ಮೋಹನ ಅರಮನೆಗೆ ಬಂದವರು ಹಲ್ದಣಕರರ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಎರಡು ಗಳಿಗೆ ನಿಂತು ಹೊರಡುತ್ತಾರೆ. ಅದೇ ಅರಮನೆಯಲ್ಲಿ 1933ರಿಂದ 1950ರವರೆಗೆ ಒಂದು ಯೋಗಶಾಲೆ ನಡೆಯಿತು, ಅದು ಎಲ್ಲಿತ್ತು ಎಂದು ಕೇಳುವವರು ಕಡಿಮೆ. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತಳಾದ ನನಗೂ ಆ ಕಡೆ ಗಮನ ಹೋದದ್ದು ಡಾಕ್ಟರ ಚೀಟಿಯಿಂದ. ಬಿ.ಪಿ. ಮಾತ್ರೆಯ ಕೆಳಗೆ ಅವರು ‘ಯೋಗ, ದಿನಾ ಬೆಳಿಗ್ಗೆ’ ಎಂದು ಗೀಚಿದರು. ‘ಟೆನ್ಷನ್ ಕಡಿಮೆ ಮಾಡ್ಕೊಳ್ಳಿ ಮೇಡಂ’ ಎಂದರು. ನಮ್ಮೂರಿನಲ್ಲಿ ಈ ಸಲಹೆ ಯಾವಾಗ ಹುಟ್ಟಿತು?

ಯೋಗಸೂತ್ರದ ಪತಂಜಲಿ ಮೊದಲು ಎತ್ತುವುದು ಮನಸ್ಸಿನ ಮಾತನ್ನೇ, ಸರಿ. ಆದರೆ ಅವನ ಗುರಿ ಆಫೀಸಿನ ತಲೆನೋವು ಕಳೆಯುವುದಲ್ಲ, ಸಂಸಾರವನ್ನೇ ದಾಟುವುದು. ಜಗನ್ಮೋಹನ ಅರಮನೆಯ ಶಾಲೆಗೆ ಈ ಎರಡೂ ಮುಖ್ಯವಾಗಿರಲಿಲ್ಲ.

ಅದನ್ನು ಹಾಕಿಸಿಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಗುರುಗಳು ತಿರುಮಲೈ ಕೃಷ್ಣಮಾಚಾರ್ಯರು, ಚಿತ್ರದುರ್ಗ ಸೀಮೆಯ ಮುಚುಕುಂಟೆಯಲ್ಲಿ 1888ರಲ್ಲಿ ಹುಟ್ಟಿದವರು, ಯೋಗಶಾಲೆಗೆ ಮುಂಚೆ ಸಂಸ್ಕೃತ ಪಾಠಶಾಲೆಯಲ್ಲಿ ಮೀಮಾಂಸೆ ಹೇಳುತ್ತಿದ್ದವರು. ಶಿಷ್ಯರಲ್ಲಿ ಹೆಚ್ಚಿನವರು ಅರಸು ಮನೆತನದ ಹುಡುಗರು. ಅರಮನೆಯ ಅದೇ ಆವರಣದಲ್ಲಿ ದೇಹದಾರ್ಢ್ಯಪಟು ಕೆ.ವಿ. ಅಯ್ಯರ್ ಅವರ ಶಿಷ್ಯರೊಬ್ಬರು ಅಂಗಸಾಧನೆ ಕಲಿಸುತ್ತಿದ್ದರು. ಹುಡುಗರ ಮೈ ಗಟ್ಟಿಯಾಗಬೇಕು, ಶಿಸ್ತು ಬರಬೇಕು, ಮಹಾರಾಜರ ಅತಿಥಿಗಳ ಮುಂದೆ ವಿದ್ಯೆಯ ಹಿರಿಮೆ ಕಾಣಬೇಕು, ಇಷ್ಟು ಅಂದಿನ ಅಪೇಕ್ಷೆ. 1934ರಲ್ಲಿ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ ಕನ್ನಡದಲ್ಲೇ ಬಂತು. 1938ರಲ್ಲಿ ತೆಗೆದ ಒಂದು ಮೂಕಚಿತ್ರವೂ ಉಳಿದಿದೆ. ಅದರಲ್ಲಿ ಗುರುಗಳ ಹೊಟ್ಟೆ ಬೆನ್ನಿಗೆ ಅಂಟಿದಂತೆ ಒಳಹೋಗುತ್ತದೆ, ಅವರ ಹೆಂಡತಿ ಮಕ್ಕಳೂ ಆಸನ ಹಾಕುತ್ತಾರೆ. ನೋಡುತ್ತಾ ಕೂತರೆ ಬೆರಗಾಗುತ್ತದೆ, ಆದರೆ ಆಸನಗಳ ಆ ವೇಗ ನನ್ನ ಮನಸ್ಸಿಗೆ ಶಾಂತಿಯನ್ನೇನೂ ತರಲಿಲ್ಲ.

ಗುರುಗಳ ಭಾವಮೈದುನ ಬೆಳ್ಳೂರಿನ ಸುಂದರರಾಜ, ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಆದವರು. ಕ್ಷಯ, ಮಲೇರಿಯಾ, ಟೈಫಾಯ್ಡ್‌ಗಳಿಂದ ಸೊರಗಿದ ಹುಡುಗ ಅಕ್ಕನ ಮನೆಗೆಂದು ಮೈಸೂರಿಗೆ ಬಂದ. ಒಮ್ಮೆ ಸಭೆಯ ಮುಂದೆ ಭಾವ ಹನುಮಾನಾಸನ ಹಾಕು ಎಂದರು. ಚಡ್ಡಿ ಬಿಗಿ, ಆಗುವುದಿಲ್ಲ ಎಂದರೆ ಕತ್ತರಿ ತರಿಸಿ ಹೊಲಿಗೆ ಬಿಚ್ಚಿಸಿದರು. ಹುಡುಗ ಹಾಕಿದ, ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಇದನ್ನು ಅಯ್ಯಂಗಾರರೇ ಹೇಳಿಕೊಂಡಿದ್ದಾರೆ. ಗುರುಭಕ್ತಿಯ ಹೆಸರಿನಲ್ಲಿ ಇದನ್ನು ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರದರ್ಶನ ಗುಂಡಿಗೆಯದು. 1935ರಲ್ಲಿ ಫ್ರಾನ್ಸಿನ ಹೃದಯ ತಜ್ಞೆ ಥೆರೆಸ್ ಬ್ರಾಸ್ ಹೊತ್ತು ತಿರುಗಬಹುದಾದ ಇ.ಸಿ.ಜಿ. ಯಂತ್ರದೊಂದಿಗೆ ಭಾರತಕ್ಕೆ ಬಂದರು. ಅವರು ಪರೀಕ್ಷಿಸಿದವರಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಮನಸ್ಸು ಮಾಡಿದರೆ ಗುಂಡಿಗೆಯ ಬಡಿತವನ್ನು ಬಹುಮಟ್ಟಿಗೆ ತಡೆಯಬಹುದು ಎಂಬ ಸುದ್ದಿ ಹಬ್ಬಿತು. ಎರಡು ದಶಕ ಕಳೆದ ಮೇಲೆ ವೆಂಗರ್, ಬಾಗ್ಚಿ, ಆನಂದ್ ಎಂಬ ವಿಜ್ಞಾನಿಗಳು ಅವರನ್ನೂ ಸೇರಿಸಿ ಕೆಲವರನ್ನು ಮತ್ತೆ ಪರೀಕ್ಷಿಸಿ 1961ರಲ್ಲಿ ವರದಿ ಕೊಟ್ಟರು. ಉಸಿರು ಕಟ್ಟಿ, ಎದೆ ಹೊಟ್ಟೆಯ ಸ್ನಾಯು ಬಿಗಿದರೆ ರಕ್ತ ಗುಂಡಿಗೆಗೆ ಮರಳುವುದು ಕಡಿಮೆಯಾಗುತ್ತದೆ. ಆಗ ನಾಡಿ ಕೈಗೆ ಸಿಗುವುದಿಲ್ಲ, ಬಡಿತದ ಸದ್ದೂ ಕೇಳುವುದಿಲ್ಲ. ಯಂತ್ರ ಮಾತ್ರ ಬಡಿತವನ್ನು ಗುರುತಿಸುತ್ತಲೇ ಇತ್ತು.

ಗುಂಡಿಗೆ ನಿಲ್ಲಿಸಬಲ್ಲವರು ಎನಿಸಿಕೊಂಡವರ ಬಳಿಗೆ 1937ರಲ್ಲಿ ಹೆಣ್ಣುಮಗಳೊಬ್ಬಳು ಬಂದಳು. ರೀಗಾ ನಗರದಲ್ಲಿ ಹುಟ್ಟಿದ ಯೂಜೀನಿ ಪೀಟರ್ಸನ್, ರಾಜತಂತ್ರಜ್ಞರೊಬ್ಬರ ಹೆಂಡತಿ, ವರ್ಷಗಟ್ಟಲೆ ಎದೆನೋವು ಅನುಭವಿಸಿದವಳು. ಹೆಂಗಸು, ಅದರಲ್ಲೂ ಪರದೇಶದವಳು, ಆಗದು ಎಂದರು ಗುರುಗಳು. ಮಹಾರಾಜರು ಹೇಳಿದ ಮೇಲೆ ಒಪ್ಪಿ, ಊಟ, ನಿದ್ದೆ, ಸಮಯ ಎಲ್ಲಕ್ಕೂ ಕಟ್ಟುಪಾಡು ಹಾಕಿದರು. ಓಡಿಹೋಗಲಿ ಎಂದೇ ಇರಬೇಕು. ಅವಳು ಓಡಲಿಲ್ಲ. ಕೊನೆಗೆ ಅವರೇ ನೀನು ಹೋಗಿ ಕಲಿಸು ಎಂದರು. ಇಂದ್ರಾದೇವಿ ಎಂಬ ಹೆಸರಿನಲ್ಲಿ ಅವಳು ಮುಂದೆ ಹಾಲಿವುಡ್‌ನಲ್ಲಿ ಶಾಲೆ ತೆರೆದಳು. ಸಿನಿಮಾ ನಟಿಯರ ದಣಿವಿಗೂ ಆತಂಕಕ್ಕೂ ಅಲ್ಲಿ ಮದ್ದಾದದ್ದು ಅರಸು ಹುಡುಗರ ಬೆವರಿನ ಪಾಠದ ಮೃದುವಾದ ರೂಪ.

ಪುಣೆಗೆ ಹೋಗಿದ್ದ ಅಯ್ಯಂಗಾರರಿಗೆ 1952ರಲ್ಲಿ ಮುಂಬಯಿಯಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಐದು ನಿಮಿಷ ಸಮಯ ಕೊಟ್ಟರು. ಅವರಿಗೆ ಬೇಕಿದ್ದದ್ದು ನಿದ್ದೆ. ಅಯ್ಯಂಗಾರರು ಅವರನ್ನು ಶವಾಸನದಲ್ಲಿ ಮಲಗಿಸಿ ಬೆರಳುಗಳಿಂದ ಕಣ್ಣು ಕಿವಿ ಮುಚ್ಚಿದರು. ಮೆನುಹಿನ್ ನಿದ್ದೆಹೋದರು. ಐದು ನಿಮಿಷದ ಭೇಟಿ ಮೂರು ಗಂಟೆ ದಾಟಿತು. ತೊಡೆ ಹರಿಸಿಕೊಂಡ ಹುಡುಗನಿಗೆ ಜಗತ್ತಿನ ಹೆಸರು ತಂದುಕೊಟ್ಟದ್ದು ಹನುಮಾನಾಸನವಲ್ಲ, ಸುಮ್ಮನೆ ಮಲಗುವ ಆಸನ.

ಇತ್ತ ಮೈಸೂರಿನಲ್ಲಿ ನಾಲ್ವಡಿಯವರು 1940ರಲ್ಲಿ ತೀರಿಕೊಂಡಿದ್ದರು. ಸ್ವಾತಂತ್ರ್ಯ ಬಂದು ಅರಮನೆಯ ಹಣ ನಿಂತಿತು, ಶಾಲೆಯೂ ಮುಚ್ಚಿತು. ಕೃಷ್ಣಮಾಚಾರ್ಯರ ಶಿಷ್ಯ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರದಲ್ಲಿ ಆ ಬೆವರಿನ ಪಾಠವನ್ನೇ ಉಳಿಸಿಕೊಂಡರು. ಇಂದು ಗೋಕುಲಂ ಬಡಾವಣೆಯಲ್ಲಿ ಬೆಳಗಿನ ಜಾವ ಚಾಪೆ ಹಿಡಿದು ನಡೆಯುವ ಪರದೇಶದವರು ಅವರ ಪರಂಪರೆಯ ಮಕ್ಕಳು.

ಅರವತ್ತು ದಾಟಿದ ಕೃಷ್ಣಮಾಚಾರ್ಯರು ಮದರಾಸು ಸೇರಿದರು. ಅಲ್ಲಿ ಅರಸು ಹುಡುಗರಿರಲಿಲ್ಲ, ಬಂದವರು ಹೆಚ್ಚಾಗಿ ಕಾಯಿಲೆಯವರು, ವಯಸ್ಸಾದವರು. ಅವರಿಗೆ ಉಸಿರಿನ ಲೆಕ್ಕದಲ್ಲಿ, ಒಬ್ಬೊಬ್ಬರಿಗೆ ಬೇರೆ ಬೇರೆ ಪಾಠ ಕೊಟ್ಟರು. ಮಗ ದೇಶಿಕಾಚಾರ್ ಇಂಜಿನಿಯರಿಂಗ್ ಓದಿದವರು, ಅಪ್ಪನ ವಿದ್ಯೆಯಲ್ಲಿ ಆಸಕ್ತಿ ಇಲ್ಲದವರು. ಒಂದು ದಿನ ಮನೆಯ ಮುಂದೆ ಕಾರು ನಿಂತಿತು. ನ್ಯೂಜಿಲೆಂಡಿನ ಹೆಂಗಸೊಬ್ಬಳು ಇಳಿದು ಬಂದು ಅಪ್ಪನನ್ನು ಬೀದಿಯಲ್ಲೇ ಅಪ್ಪಿಕೊಂಡಳು. ಮಡಿವಂತ ಶ್ರೀವೈಷ್ಣವ ಬ್ರಾಹ್ಮಣ! ಮಗ ದಂಗಾದ. ಅವಳು ಹಿಂದಿನ ರಾತ್ರಿ ಮಾತ್ರೆಯಿಲ್ಲದೆ ನಿದ್ದೆ ಮಾಡಿದ್ದಳಂತೆ. ದೇಶಿಕಾಚಾರ್ ನನಗೂ ಕಲಿಸಿ ಎಂದು ಕೇಳಿದರು. ಅಪ್ಪ ಒಪ್ಪಿ, ಪಾಠದ ಹೊತ್ತನ್ನು ಬೆಳಗಿನ ಜಾವಕ್ಕೆ ಇಟ್ಟರು.